ಬಿಲ್ಲು ಯಾರ ಜೇಬಿನದು, ಪಾಯಿಂಟು ಯಾರ ಹೆಸರಿಗೆ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕೂ ಪೇಟೆಯಲ್ಲಿ ಲಾಡ್ಜುಗಳಿಗೆ ಬರವಿಲ್ಲ. ಆದರೆ ಮ್ಯಾರಿಯಟ್, ಹಿಲ್ಟನ್, ತಾಜ್ ಥರದ ದೊಡ್ಡ ಸರಣಿಯವರ ಬೋರ್ಡು ಪೇಟೆಯೊಳಗೆ ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೆ ಮೈಸೂರಿಗೇ ಹೋಗಬೇಕು. ಹೀಗಿದ್ದರೂ ತೆರಿಗೆ ರಿಟರ್ನ್ಸ್ ಮಾಡಿಸಲು ನನ್ನ ಟೇಬಲ್ಲಿನ ಮುಂದೆ ಬಂದು ಕೂರುವವರಲ್ಲಿ ಹೋಟೆಲ್ ಮೆಂಬರ್‌ಶಿಪ್ ಬಗ್ಗೆ ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ. ತಂಬಾಕು ಖರೀದಿ ಕಂಪನಿಯ ನೌಕರರು, ಔಷಧಿ ಕಂಪನಿಯ ಹುಡುಗರು, ಶುಂಠಿ ಲೋಡು ಕಳಿಸಿ ಹಿಂದೆಯೇ ಪಾರ್ಟಿ ಹುಡುಕಿಕೊಂಡು ಹೋಗುವ ವ್ಯಾಪಾರಿಗಳು. "ಸಾರ್, ಮ್ಯಾರಿಯಟ್‌ನೋರ ಬಾನ್‌ವಾಯ್ ಒಳ್ಳೇದಾ, ತಾಜ್‌ದು ಒಳ್ಳೇದಾ?" ಎಂಬುದು ಅವರ ಪ್ರಶ್ನೆ. ನಾನು ತಿರುಗಿಸಿ ಕೇಳುವುದು ಒಂದೇ: "ರೂಮಿನ ಬಿಲ್ಲು ಕಟ್ಟೋರು ಯಾರು, ನೀವಾ, ಕಂಪ್ನಿನಾ?"

ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಲೆಕ್ಕ ಮುಗಿದಂತೆ. ಪಾಯಿಂಟು ಕೊಡುವ ಈ ವ್ಯವಸ್ಥೆ ಹುಟ್ಟಿದ್ದನ್ನೇ ನೋಡಿ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ವಿಮಾನದ ಮೈಲಿಗಳಿಗೆ ಬಹುಮಾನ ಕೊಡಲು ಶುರುಮಾಡಿತು. ಅದರ ಬೆನ್ನಿಗೇ 1983ರಲ್ಲಿ ಹಾಲಿಡೇ ಇನ್ ಮತ್ತು ಮ್ಯಾರಿಯಟ್ ತಮ್ಮ ತಮ್ಮ ಕಾರ್ಯಕ್ರಮ ತಂದವು. ಮುಖ್ಯವಾಗಿ ಅವರ ಕಣ್ಣಿದ್ದದ್ದು ಕಂಪನಿ ಕೆಲಸಕ್ಕೆ ಊರೂರು ಅಲೆಯುವ ನೌಕರನ ಮೇಲೆ. ಅವನು ಹೋಟೆಲ್ ಆರಿಸುತ್ತಾನೆ, ದುಡ್ಡು ಕಟ್ಟುವುದು ಕಂಪನಿ. ರೇಟು ಇಳಿಸಿದರೆ ಉಳಿತಾಯ ಕಂಪನಿಗೆ ಹೋಗುತ್ತದೆ, ಅವನಿಗೇನೂ ಸಿಗುವುದಿಲ್ಲ. ಅದರ ಬದಲು ರೇಟು ಹಾಗೇ ಇಟ್ಟು ಅವನ ಹೆಸರಿಗೆ ಪಾಯಿಂಟು ಹಾಕಿದರೆ ಮುಂದಿನ ಸಲ ತಾನಾಗೇ ಅಲ್ಲಿಗೇ ಬರುತ್ತಾನೆ. ಇಂಥ ಉಡುಗೊರೆಯನ್ನು ಸ್ವಂತ ಜೇಬಿನಿಂದ ದುಡ್ಡು ಕಟ್ಟುವ ಶುಂಠಿ ವ್ಯಾಪಾರಿ ಆಸೆಪಟ್ಟು ಬೆನ್ನುಹತ್ತಿದರೆ, ಆ ಉಡುಗೊರೆಯ ದುಡ್ಡೂ ಅವನದ್ದೇ ಆಗಿರುತ್ತದೆ.

ನನ್ನ ತಂಗಿಯ ಮಗ ಅಮೆರಿಕದಲ್ಲಿ ಪ್ರಾಜೆಕ್ಟಿನ ಮೇಲೆ ಇದ್ದಾಗ ಕಂಪನಿಯವರು ತಿಂಗಳುಗಟ್ಟಲೆ ಮ್ಯಾರಿಯಟ್ ಹೋಟೆಲಿನಲ್ಲೇ ಇರಿಸಿದ್ದರು. ಬೆಂಗಳೂರಿನಲ್ಲಿ ನಮ್ಮ ಕಡೆಯ ಮದುವೆ ಬಂತು. "ಮಾವ, ಅಪ್ಪ ಅಮ್ಮಂಗೆ ಪಾಯಿಂಟಲ್ಲಿ ರೂಮು ಹಾಕಿದೀನಿ, ದುಡ್ಡು ಕೊಡಂಗಿಲ್ಲ ಅಂತ ನೀವೇ ಹೇಳಿ, ನಾನಂದ್ರೆ ನಂಬಲ್ಲ" ಎಂದು ಫೋನು ಮಾಡಿದ. ತಂಗಿಗೆ ವಿಷಯ ತಿಳಿಸಿದರೆ ಅವಳು ಮಗನನ್ನೇ ಲೈನಿಗೆ ಕರೆದು, "ಕಂಪ್ನಿ ದುಡ್ಡಲ್ಲಿ ಬಂದದ್ದು ಕಂಪ್ನಿದಲ್ವೇನೋ ಮಗಾ?" ಅಂದಳು. ಇಷ್ಟು ಸರಿಯಾಗಿ ಈ ಪ್ರಶ್ನೆ ಕೇಳಿದವರನ್ನು ನಾನು ನೋಡಿಲ್ಲ. ಹೋಟೆಲಿನವರ ನಿಯಮದ ಪ್ರಕಾರ ಪಾಯಿಂಟು ಉಳಿದುಕೊಂಡ ವ್ಯಕ್ತಿಯದು, ಕಂಪನಿಯದಲ್ಲ. ಮದುವೆ ಮುಗಿಸಿ ಬಂದ ಮೇಲೆ ಅವಳು ಹೇಳಿದ್ದು, ದಿಂಬು ಜಾಸ್ತಿ, ಬಕೆಟ್ಟಿಲ್ಲ.

ಇನ್ನು ಪಾಯಿಂಟಿನ ಬೆಲೆ. ಯಾವ ಕಾರ್ಯಕ್ರಮವನ್ನೇ ಆಗಲಿ ನಾನು ಅಳೆಯುವುದು ನೂರು ರೂಪಾಯಿ ಬಿಲ್ಲಿಗೆ ಎಷ್ಟು ರೂಪಾಯಿ ವಾಪಸ್ ಬರುತ್ತದೆ ಅನ್ನುವುದರಿಂದ. ಹತ್ತು ಸಾವಿರ ಪಾಯಿಂಟು, ಐವತ್ತು ಸಾವಿರ ಪಾಯಿಂಟು ಅನ್ನುವ ಸಂಖ್ಯೆಗಳಿಗೆ ಮರುಳಾಗಬಾರದು.

ಅಕೋರ್ ಕಂಪನಿಯವರ 'ಆಲ್' ಕಾರ್ಯಕ್ರಮ ಈ ಲೆಕ್ಕಕ್ಕೆ ಎಲ್ಲಕ್ಕಿಂತ ಸುಲಭ. 2,000 ಪಾಯಿಂಟು ಎಂದರೆ 40 ಯೂರೋ, ಮಾತು ಮುಗಿಯಿತು. ನೊವೊಟೆಲ್, ಮರ್ಕ್ಯೂರ್ ಥರದ ಹೋಟೆಲಿನಲ್ಲಿ ಮೊದಲ ಹಂತದ ಸದಸ್ಯನಿಗೆ 10 ಯೂರೋ ಖರ್ಚಿಗೆ 25 ಪಾಯಿಂಟು, ಅಂದರೆ ನೂರಕ್ಕೆ ಐದು. ಐಬಿಸ್‌ನಲ್ಲಿ ಅದರ ಅರ್ಧ. ಮೈಸೂರಿನಲ್ಲೇ ಗ್ರ್ಯಾಂಡ್ ಮರ್ಕ್ಯೂರ್ ಇದೆ, ಐಬಿಸ್ ಸ್ಟೈಲ್ಸ್ ಇದೆ. ವಿಜಯವಾಡದಲ್ಲಿ ನೊವೊಟೆಲ್ ಇದೆ. ತಾಜ್, ವಿವಾಂತ, ಜಿಂಜರ್ ಬಳಗದಲ್ಲಿ ಟಾಟಾದವರ ನ್ಯೂಕಾಯಿನ್ ನಡೆಯುತ್ತದೆ. ಒಂದು ಕಾಯಿನ್‌ಗೆ ಒಂದು ರೂಪಾಯಿ, ಬಿಲ್ಲಿನ ಮೇಲೆ ಸಾಮಾನ್ಯವಾಗಿ ಇಲ್ಲೂ ನೂರಕ್ಕೆ ಐದು. ಇದರ ಅನುಕೂಲ ಬೇರೆ ಇದೆ: ಹೋಟೆಲಿಗೆ ಮತ್ತೆ ಹೋಗದಿದ್ದರೂ ಕ್ರೋಮಾದಲ್ಲಿ ಮಿಕ್ಸಿ ಕೊಳ್ಳುವಾಗಲೋ ಒನ್‌ಎಂಜಿಯಲ್ಲಿ ಅಪ್ಪನ ಬಿ.ಪಿ. ಮಾತ್ರೆ ತರಿಸುವಾಗಲೋ ಅದು ಖರ್ಚಾಗುತ್ತದೆ. ಮೈಸೂರಿನಲ್ಲಿ, ಮಂಗಳೂರಿನಲ್ಲಿ ಜಿಂಜರ್ ಇದೆ, ನಮ್ಮೂರ ರಸ್ತೆಯಲ್ಲೇ ಮುಂದೆ ಮಡಿಕೇರಿಯಲ್ಲಿ ತಾಜ್ ಇದೆ. ನಮ್ಮ ಭಾಗದಿಂದ ಕರ್ನಾಟಕದೊಳಗೆ ತಿರುಗುವವನಿಗೆ ನಾನು ಮೊದಲು ಹೇಳುವುದು ಇದನ್ನೇ.

ಮ್ಯಾರಿಯಟ್‌ನ ಬಾನ್‌ವಾಯ್, ಹಿಲ್ಟನ್ ಆನರ್ಸ್, ಐಎಚ್‌ಜಿಯ ಕಾರ್ಯಕ್ರಮ ಇವೆಲ್ಲ ಇನ್ನೊಂದು ಜಾತಿ. ಬಹುಪಾಲು ಹೋಟೆಲುಗಳಲ್ಲಿ ಒಂದು ಡಾಲರಿಗೆ 10 ಪಾಯಿಂಟು ಕೊಡುತ್ತಾರೆ. ವಾಪಸ್ ಕೊಡುವಾಗ ಎಷ್ಟು ಪಾಯಿಂಟಿಗೆ ಒಂದು ರಾತ್ರಿ ಎಂಬುದಕ್ಕೆ ಗಟ್ಟಿ ಪಟ್ಟಿ ಇಲ್ಲ. ಮ್ಯಾರಿಯಟ್‌ನವರು ಪಟ್ಟಿ ತೆಗೆದದ್ದು 2022ರಲ್ಲಿ. ತಂಬಾಕು ಬೆಳೆಯುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇಲು ನಿಮ್ಮದು, ಬೆಲೆ ಆವತ್ತು ಕೂಗುವವರದು. ಆದರೆ ಕಟ್ಟೆಮಳಲವಾಡಿ ಹರಾಜಿನಲ್ಲಿ ರೇಟು ಒಗ್ಗದಿದ್ದರೆ ಬೇಲನ್ನು ಮನೆಗೆ ತರಬಹುದು, ನಾಳೆ ಮತ್ತೆ ಇಡಬಹುದು. ಪಾಯಿಂಟನ್ನು ಹಾಗೆ ಬಹಳ ಕಾಲ ಇಟ್ಟುಕೊಳ್ಳಲು ಬಿಡುವುದಿಲ್ಲ: ಬಾನ್‌ವಾಯ್‌ನಲ್ಲಿ 24 ತಿಂಗಳು ಖಾತೆ ಅಲುಗಾಡದಿದ್ದರೆ ಅಷ್ಟೂ ಹೋಯಿತು, ಅಕೋರ್‌ನಲ್ಲಿ ಒಂದೇ ವರ್ಷ. ಹಾಗಂತ ಬಾನ್‌ವಾಯ್ ಕೆಟ್ಟದ್ದೇನಲ್ಲ. ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಳ್ಳಿ. ಆರು ಸಾವಿರ ರೂಪಾಯಿಯ ರೂಮು 10,000 ಪಾಯಿಂಟಿಗೆ ಸಿಕ್ಕಿದ ದಿನ ಒಂದು ಪಾಯಿಂಟಿಗೆ 60 ಪೈಸೆ ಬಿತ್ತು. 85 ರೂಪಾಯಿಗೆ ಆರು ರೂಪಾಯಿ ವಾಪಸ್, ನೂರಕ್ಕೆ ಏಳು. ಅದೇ ರೂಮಿಗೆ 18,000 ಕೇಳಿದ ದಿನ ನೂರಕ್ಕೆ ನಾಲ್ಕೂ ಇಲ್ಲ. ಹಯಾತ್‌ನವರು ಡಾಲರಿಗೆ ಐದೇ ಪಾಯಿಂಟು ಕೊಟ್ಟರೂ ಹೋಟೆಲುಗಳಿಗೆ ದರ್ಜೆ ಹಾಕಿ ಪಟ್ಟಿ ಉಳಿಸಿಕೊಂಡಿದ್ದಾರೆ, ಅದು ಮೆಚ್ಚುವಂಥದ್ದು. ಆದರೆ ನಮ್ಮ ಕಡೆಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗಿಬರುವ ಕಂಟ್ರಾಕ್ಟರಿಗೋ ಬೆಂಗಳೂರಿಗೆ ಹೋಗುವವರಿಗೋ ಬಿಟ್ಟರೆ ಅದು ದಕ್ಕುವುದು ಕಷ್ಟ.

ಕೆಲಸವಿರುವ ಊರಲ್ಲಿ ಆ ಸರಣಿಯ ಹೋಟೆಲೇ ಇಲ್ಲದಿದ್ದರೆ ನೂರಕ್ಕೆ ಏಳೂ ಒಂದೇ, ಸೊನ್ನೆಯೂ ಒಂದೇ. ಗುಂಟೂರಿಗೆ ಹೋಗುವವರನ್ನು ತೆಗೆದುಕೊಳ್ಳಿ. ತಂಬಾಕು ಮಂಡಳಿಯ ಮುಖ್ಯ ಕಚೇರಿ ಇರುವುದು ಅಲ್ಲಿ, ನಮ್ಮ ಭಾಗದ ತಂಬಾಕಿನ ನಂಟೂ ಹಳೆಯದು. ಐಟಿಸಿಯವರು 2022ರಲ್ಲಿ ಅಲ್ಲಿ ವೆಲ್‌ಕಮ್‌ಹೋಟೆಲ್ ತೆರೆದರು. ಗುಂಟೂರೇ ಗತಿ ಎನ್ನುವ ನೌಕರನಿಗೆ ಕ್ಲಬ್ ಐಟಿಸಿ ಸಾಕು, ಬಾನ್‌ವಾಯ್ ಕನಸು ಬೇಡ. ಬೆಳಗಾವಿಗೆ ಹೆಚ್ಚು ಹೋಗುವವನಿಗೆ ಅಲ್ಲಿನ ಫೇರ್‌ಫೀಲ್ಡ್‌ನಿಂದ ಬಾನ್‌ವಾಯ್ ಬರುತ್ತದೆ. ಎರಡು ಮೂರು ಕಾರ್ಯಕ್ರಮದಲ್ಲಿ ಚೂರುಚೂರು ಹಂಚಿದರೆ ಯಾವುದೂ ಒಂದು ರಾತ್ರಿಗೆ ಮುಟ್ಟುವುದಿಲ್ಲ.

ನಾನು ಬೀಜದ ಕಂಪನಿಯ ಪ್ರತಿನಿಧಿಯಾಗಿ ತಿರುಗುತ್ತಿದ್ದ ಕಾಲದಲ್ಲಿ ದಿನಭತ್ಯೆ ಎಷ್ಟು ಕಡಿಮೆ ಕೊಡುತ್ತಿದ್ದರೆಂದರೆ ಇವ್ಯಾವುದರ ಪ್ರಶ್ನೆಯೇ ಏಳುತ್ತಿರಲಿಲ್ಲ. ದಾವಣಗೆರೆಯಲ್ಲಿ ಒಂದು ಲಾಡ್ಜು. ನಸುಕಿಗೆ ಬಸ್ಸಿಳಿದು ಹೋದರೆ ಕೌಂಟರಿನ ಹಿಂದೆ ಬೆಂಚಿನ ಮೇಲೆ ಮಲಗಿದ್ದ ರೂಂಬಾಯ್ ಎದ್ದು, ಮ್ಯಾನೇಜರನ್ನು ಎಬ್ಬಿಸದೆಯೇ, ಹಿತ್ತಾಳೆ ಬಿಲ್ಲೆಯ ಬೀಗದ ಕೈ ಕೊಡುತ್ತಿದ್ದ. ರಸ್ತೆಯ ಕಡೆ ಕಿಟಕಿ ಇಲ್ಲದ ರೂಮು, ನಿದ್ದೆಗೆ ತೊಂದರೆಯಿಲ್ಲ. "ಸಾರ್, ಬಿಸ್ನೀರು ಆರ್ರಿಂದ, ಟೀ ಈಗ್ಲೇ ತರ್ಲಾ?" ರಿಜಿಸ್ಟರಿಗೆ ಸಹಿ ಎಲ್ಲ ಎದ್ದ ಮೇಲೆ. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿ 24 ಗಂಟೆಯ ಲೆಕ್ಕ: ಬೆಳಗ್ಗೆ ಐದಕ್ಕೆ ಹೊಕ್ಕರೆ ಮಾರನೇ ಬೆಳಗ್ಗೆ ಐದರವರೆಗೆ ರೂಮು ನಮ್ಮದು.

ಸರಣಿ ಹೋಟೆಲುಗಳಲ್ಲಿ ರೂಮು ಸಿಗುವುದು ಮಧ್ಯಾಹ್ನ ಎರಡಕ್ಕೋ ಮೂರಕ್ಕೋ, ಬಿಡಬೇಕಾದದ್ದು ಮಾರನೇ ಮಧ್ಯಾಹ್ನ ಹನ್ನೆರಡಕ್ಕೆ. ರಾತ್ರಿ ಬಸ್ಸಿನಲ್ಲಿ ಹೋಗಿ ಬೆಳಗ್ಗೆ ಸ್ನಾನ ಮಾಡಿ ಕೆಲಸಕ್ಕೆ ಹೊರಡುವ ನಮ್ಮವರಿಗೆ ಇದು ನೇರವಾಗಿ ಹೆಚ್ಚುವರಿ ಒಂದು ರಾತ್ರಿಯ ಬಾಡಿಗೆ. ಬಾನ್‌ವಾಯ್‌ನಲ್ಲಿ ವರ್ಷಕ್ಕೆ 25 ರಾತ್ರಿ ಮಾಡಿ ಗೋಲ್ಡ್ ಆದರೆ, ಅದೂ ರೂಮು ಖಾಲಿಯಿದ್ದರೆ, ಮಧ್ಯಾಹ್ನ ಎರಡರವರೆಗೆ, 50 ರಾತ್ರಿ ಮಾಡಿ ಪ್ಲಾಟಿನಂ ಆದರೆ ಬಹುಪಾಲು ಹೋಟೆಲುಗಳಲ್ಲಿ ನಾಲ್ಕರವರೆಗೆ ಇರಲು ಬಿಡುತ್ತಾರೆ. ಐವತ್ತು ರಾತ್ರಿ ಸಾಧನೆ ಮಾಡಿ ಪಡೆಯುವ ಆ ಸೌಕರ್ಯ ಬಸ್ ಸ್ಟ್ಯಾಂಡ್ ಎದುರಿನ ಲಾಡ್ಜಿನಲ್ಲಿ ಮೊದಲ ದಿನವೇ ಇತ್ತು. ಹಾಸಿಗೆ, ಬಾತ್‌ರೂಮಿನ ಮಾತು ಬೇರೆ, ಅದನ್ನು ಹೋಲಿಸಲು ಹೋಗುವುದಿಲ್ಲ.

ನಮ್ಮ ಹುಣಸೂರು ತಾಲ್ಲೂಕಿನಲ್ಲಿ ಅತಿ ದೂರ ತಿರುಗುವವರು ಯಾರು ಎಂದು ಕೇಳಿದರೆ ನಾನು ಪಕ್ಷಿರಾಜಪುರದ ಕಡೆ ಕೈ ತೋರಿಸುತ್ತೇನೆ. ಅಲ್ಲಿನ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ ಎಣ್ಣೆ ಮಾರಲು ಆಫ್ರಿಕಾದ ದೇಶಗಳಿಗೆ ಹೋಗಿಬರುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಕೊಂಡು, ಸರ್ಕಾರದ 'ಆಪರೇಷನ್ ಕಾವೇರಿ'ಯಲ್ಲಿ ವಾಪಸ್ ಬಂದದ್ದು ಪತ್ರಿಕೆ ಓದುವವರಿಗೆ ನೆನಪಿರಬಹುದು. ತಿಂಗಳುಗಟ್ಟಲೆ ಹೊರಗಿರುವ ಇಂಥವರ ರಾತ್ರಿಗಳನ್ನು ಎಣಿಸುತ್ತಾ ಹೋದರೆ ಪ್ಲಾಟಿನಂ ದಾಟಿ 75 ರಾತ್ರಿಯ ಟೈಟಾನಿಯಂ ಮುಟ್ಟುತ್ತದೆ. ತಲೆ ಮೇಲೆ ಗಂಟು ಹೊತ್ತು ಸ್ವಂತ ದುಡ್ಡಿನಲ್ಲಿ ಹೋಗುವ ವ್ಯಾಪಾರಿಗೆ ಪಾಯಿಂಟು ಕೊಡುವ ಯೋಚನೆ ಯಾವ ಹೋಟೆಲಿನವರಿಗೂ ಬಂದಿಲ್ಲ. ಈ ವ್ಯಾಪಾರಿಗಳಿಗೆ ಬೇಕಾದದ್ದು ತಿಂಗಳ ಬಾಡಿಗೆಯ ಚೌಕಾಸಿ.

ಜಿಎಸ್‌ಟಿ ವಿಷಯ ಹೇಳದಿದ್ದರೆ ನನ್ನ ವೃತ್ತಿಗೆ ಅವಮಾನ. 7,500 ರೂಪಾಯಿವರೆಗಿನ ರೂಮಿಗೆ ಇದ್ದ ಶೇಕಡಾ 12ರ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 5ಕ್ಕೆ ಇಳಿಯಿತು. ಮೂರು ಸಾವಿರದ ರೂಮಿಗೆ ಮೊದಲು 3,360 ಕಟ್ಟುತ್ತಿದ್ದವರು ಈಗ 3,150 ಕಟ್ಟುತ್ತಾರೆ. ಉಳಿತಾಯ 210 ರೂಪಾಯಿ. ಅದೇ ರೂಮಿಗೆ ನೂರಕ್ಕೆ ಐದರ ಪಾಯಿಂಟು ಬಂದರೆ 150. ಪ್ಲಾಟಿನಂ ಕಾರ್ಡು ಬೇಡ, ಆ್ಯಪು ಬೇಡ, ಬಿಲ್ಲಿನಲ್ಲಿ ಹೊಸ ದರ ಹಾಕಿದ್ದಾರೋ ಇಲ್ಲವೋ ಎಂದು ಕಣ್ಣಾಡಿಸಿದರೆ ಸಾಕು. 7,500 ದಾಟಿದ ರೂಮಿಗೆ ಶೇಕಡಾ 18. ವ್ಯಾಪಾರಿಗಳಿಗೆ ಇನ್ನೊಂದು: ಇಲ್ಲಿ ನೋಂದಣಿಯಿದ್ದು ಗುಂಟೂರಿನಲ್ಲೋ ಹೈದರಾಬಾದಿನಲ್ಲೋ ಉಳಿದರೆ, ರೂಮಿನ ಮೇಲಿನ ಜಿಎಸ್‌ಟಿ ಆ ರಾಜ್ಯದ ಲೆಕ್ಕಕ್ಕೆ ಹೋಗುತ್ತದೆ, ಕರ್ನಾಟಕದ ನಂಬರಿನಲ್ಲಿ ಅದರ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಹೊರರಾಜ್ಯದ ರೂಮು ಎಷ್ಟಕ್ಕೆ ಬೀಳುತ್ತದೆ ಎಂದು ಲೆಕ್ಕ ಹಾಕುವಾಗ ತೆರಿಗೆಯನ್ನೂ ಪೂರ್ತಿ ಖರ್ಚೆಂದೇ ಹಿಡಿಯಬೇಕು.

ಫೋನಿನಲ್ಲಿ ಬರುವ "ಮೆಂಬರ್‌ಶಿಪ್" ಮಾತಿಗೂ ಈ ಪಾಯಿಂಟಿನ ಕಾರ್ಯಕ್ರಮಗಳಿಗೂ ಸಂಬಂಧವಿಲ್ಲ. ನಾನು ಮೇಲೆ ಹೇಳಿದ ಕಾರ್ಯಕ್ರಮಗಳಿಗೆ ಸೇರಲು ಒಂದು ಪೈಸೆ ಕೊಡಬೇಕಿಲ್ಲ. ವರ್ಷಕ್ಕೆ ಇಷ್ಟು ಸಾವಿರ ಕಟ್ಟಿ, ಒಂದು ರಾತ್ರಿ ಫ್ರೀ, ಊಟದಲ್ಲಿ ಅರ್ಧ ರಿಯಾಯಿತಿ ಎನ್ನುವುದು ಬೇರೆ ಸರಕು. ಆ ಹೋಟೆಲಿಗೆ ಊಟಕ್ಕೆಂದೇ ಪದೇಪದೇ ಹೋಗುವವರಿಗೆ ಲಾಭ, ಪಿರಿಯಾಪಟ್ಟಣದಿಂದ ವರ್ಷಕ್ಕೊಮ್ಮೆ ಹೋಗುವವರಿಗೆ ನಷ್ಟ. ಕ್ರೆಡಿಟ್ ಕಾರ್ಡಿನದ್ದು ಮಧ್ಯದ ದಾರಿ. 2023ರ ಆಗಸ್ಟ್‌ನಲ್ಲಿ ಬಂದ ಎಚ್‌ಡಿಎಫ್‌ಸಿ–ಬಾನ್‌ವಾಯ್ ಕಾರ್ಡಿಗೆ ವಾರ್ಷಿಕ ಶುಲ್ಕ 3,000, ಜಿಎಸ್‌ಟಿ ಸೇರಿ 3,540. ಬದಲಿಗೆ 15,000 ಪಾಯಿಂಟಿನೊಳಗಿನ ಒಂದು ರಾತ್ರಿ ಸಿಗುತ್ತದೆ. ಆ ರಾತ್ರಿಯನ್ನು ಬಳಸಿಯೇ ಬಳಸುತ್ತೀರಿ ಎಂದಾದರೆ ಲೆಕ್ಕ ಸರಿ. ಮಕ್ಕಳ ಶಾಲೆಯ ರಜೆ, ನಾಟಿ, ತಂಬಾಕಿನ ಬ್ಯಾರನ್ ಕೆಲಸ ಎಲ್ಲ ನೋಡಿಕೊಂಡು ಉತ್ತರ ಹೇಳಿ.

ಇನ್ನೊಂದು ಸಣ್ಣ ಸಂಗತಿಯಲ್ಲೇ ಬಹಳ ಜನ ಪಾಯಿಂಟು ಕಳೆದುಕೊಳ್ಳುತ್ತಾರೆ. ಮೇಕ್‌ಮೈಟ್ರಿಪ್, ಬುಕಿಂಗ್‌ ಥರದ ಆ್ಯಪಿನಲ್ಲಿ ರೂಮು ಹಾಕಿದರೆ ಸರಣಿಯವರು ಸಾಮಾನ್ಯವಾಗಿ ಪಾಯಿಂಟು ಕೊಡುವುದಿಲ್ಲ, ಅವರ ಸ್ವಂತ ಆ್ಯಪಿನಲ್ಲೇ ಹಾಕಬೇಕು. ಆದರೆ ಬೇರೆ ಆ್ಯಪಿನಲ್ಲಿ 400 ರೂಪಾಯಿ ಕಡಿಮೆಯಿದ್ದರೆ, 200 ರೂಪಾಯಿಯ ಪಾಯಿಂಟಿಗಾಗಿ ಅದನ್ನು ಬಿಡುವುದು ಯಾವ ಬುದ್ಧಿವಂತಿಕೆ? ಬಿಲ್ಲು ಕಂಪನಿಯದಾದರೆ ಸರಣಿಯ ಆ್ಯಪು, ಸ್ವಂತದ್ದಾದರೆ ಕಡಿಮೆ ರೇಟು.

ಕಾರಾಪುರದ ಕಬಿನಿ ರಿವರ್ ಲಾಡ್ಜಿಗೆ ಪಾಯಿಂಟು ನಡೆಯುತ್ತಾ ಎಂದು ಎಚ್.ಡಿ. ಕೋಟೆಯವರೊಬ್ಬರು ಕೇಳಿದರು. ಅದು ಸರ್ಕಾರದ ಜಂಗಲ್ ಲಾಡ್ಜಸ್‌ನದು. ಊಟ, ಸಫಾರಿ ಎಲ್ಲ ಸೇರಿ ತಲೆಗಿಷ್ಟು ಎಂದು ದರ. ಬಾನ್‌ವಾಯ್, ನ್ಯೂಕಾಯಿನ್ ಅಲ್ಲಿ ಕೆಲಸಕ್ಕೆ ಬಾರದು. ದಸರೆಗೆ ಬೀಗರನ್ನು ಮೈಸೂರಿನಲ್ಲಿ ಉಳಿಸಬೇಕು ಎಂದಾದರೆ ಮಾತ್ರ ಈಗಲೇ ಖಾತೆ ತೆರೆದು ನೋಡಿ. ಜಂಬೂಸವಾರಿಯ ವಾರದಲ್ಲಿ ರೂಮಿನ ರೇಟು ಏರುತ್ತದೆ. ಏರಿದರೂ ಅಕೋರ್‌ನ 2,000 ಪಾಯಿಂಟು 40 ಯೂರೋವಾಗಿಯೇ ಬಿಲ್ಲಿನಲ್ಲಿ ಕಳೆಯುತ್ತದೆ, ನ್ಯೂಕಾಯಿನ್ ರೂಪಾಯಿಗೆ ರೂಪಾಯಿ. ಅವಧಿ ಯಾವ ತಿಂಗಳಿಗೆ ಮುಗಿಯುತ್ತದೆ ಎಂಬುದು ಆ್ಯಪಿನಲ್ಲೇ ಬರೆದಿರುತ್ತದೆ.