ಬಿಟ್ಟು ಬಿಟ್ಟು ಕೈಕೊಡುವ ಬ್ಲೂಟೂತ್: ಡೈರಿ ಲ್ಯಾಪ್‌ಟಾಪಿನ ದೋಷ ಹುಡುಕುವ ಬಗೆ



ಬೆಳಿಗ್ಗೆ ಆರೂವರೆ ಗಂಟೆ. ನಿಮ್ಮ ಹಿಂದೆ ಹದಿನೈದು ಜನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದಾರೆ. ನಿಮ್ಮ ಹಾಲನ್ನು ತೂಕಕ್ಕೆ ಇಟ್ಟಾಗ ಯಂತ್ರದ ಫಲಕದಲ್ಲಿ 6.80 ಎಂದು ಕಾಣುತ್ತದೆ. ಪಕ್ಕದ ಲ್ಯಾಪ್‌ಟಾಪಿನಲ್ಲಿ ಮಾತ್ರ ಸೊನ್ನೆ. "ಸ್ವಲ್ಪ ತಡೀರಿ ಅಕ್ಕ, ಬ್ಲೂಟೂತ್ ಮತ್ತೆ ಕಟ್ಟಾಯ್ತು" ಎನ್ನುತ್ತಾರೆ ಕಾರ್ಯದರ್ಶಿಗಳು. ಎರಡು ಸಲ ಒತ್ತಿ ನೋಡಿ, ಕೊನೆಗೆ ಅಂಕಿಯನ್ನು ಕೈಯಿಂದಲೇ ಟೈಪು ಮಾಡುತ್ತಾರೆ. ಆ ಅವಸರದಲ್ಲಿ 6.80 ಎಂಬುದು 6.30 ಆಗಿಬಿಟ್ಟರೆ ನಿಮ್ಮ ಲೆಕ್ಕದಿಂದ ಅರ್ಧ ಕಿಲೋ ಹಾಲು ಹೋದಂತೆಯೇ. ಇದರಲ್ಲಿ ಯಾರ ದುರುದ್ದೇಶವೂ ಇರಬೇಕಾಗಿಲ್ಲ. ಯಂತ್ರದಿಂದ ನೇರವಾಗಿ ಬರಬೇಕಾದ ಅಂಕಿ ಮನುಷ್ಯನ ಬೆರಳಿನ ಮೂಲಕ ಬಂದರೆ ತಪ್ಪು ನುಸುಳಲು ದಾರಿಯಾಗುತ್ತದೆ, ಅಷ್ಟೆ. ಆದ್ದರಿಂದ ಇದು ಕಾರ್ಯದರ್ಶಿಗಳೊಬ್ಬರ ತಲೆನೋವಲ್ಲ, ಸದಸ್ಯರೆಲ್ಲರೂ ತಿಳಿದಿರಬೇಕಾದ ವಿಷಯ. ಮನೆಯಲ್ಲಿ ಮಕ್ಕಳ ಲ್ಯಾಪ್‌ಟಾಪಿಗೆ ಇಯರ್‌ಫೋನ್ ಜೋಡಿಸಿದಾಗ ಬರುವ ತೊಂದರೆಗೂ ಇದೇ ಪರೀಕ್ಷೆ ಸಲ್ಲುತ್ತದೆ.

ಬ್ಲೂಟೂತ್ ಎಂದರೆ ತಂತಿಯಿಲ್ಲದೆ ಹತ್ತಿರದ ಎರಡು ಯಂತ್ರಗಳನ್ನು ಬೆಸೆಯುವ ಸಣ್ಣ ರೇಡಿಯೋ. ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡನಿಗಿದ್ದ ಅಡ್ಡಹೆಸರೇ ಇದಕ್ಕೆ ಬಂದಿದೆ. 1998ರಲ್ಲಿ ಐದು ಕಂಪನಿಗಳು ಕೂಡಿ ಇದನ್ನು ಬೆಳೆಸಲು ಒಂದು ಕೂಟ ಕಟ್ಟಿಕೊಂಡವು. ಇದು ಕೆಲಸ ಮಾಡುವುದು 2402ರಿಂದ 2480 ಮೆಗಾಹರ್ಟ್ಸ್ ನಡುವೆ. ತೂಕದ ಯಂತ್ರ, ಪ್ರಿಂಟರುಗಳಲ್ಲಿ ಸಾಮಾನ್ಯವಾಗಿರುವ ಹಳೆಯ ಬಗೆಯ ಬ್ಲೂಟೂತ್ ಈ ಪಟ್ಟಿಯನ್ನು 79 ಓಣಿಗಳಾಗಿ ಮಾಡಿಕೊಂಡು, ಸೆಕೆಂಡಿಗೆ 1600 ಸಲ ಓಣಿಯಿಂದ ಓಣಿಗೆ ಹಾರುತ್ತಾ ಮಾತನಾಡುತ್ತದೆ. ಒಂದು ಓಣಿಯಲ್ಲಿ ಗದ್ದಲವಿದ್ದರೆ ಇನ್ನೊಂದರಲ್ಲಿ ಮಾತು ಸಾಗಲಿ ಎಂಬುದು ಇದರ ಉಪಾಯ. ಎಲ್ಲ ಓಣಿಗಳಲ್ಲೂ ಗದ್ದಲವಾದಾಗ, ಇಲ್ಲವೇ ನಡುವೆ ಗೋಡೆಯಂಥ ಅಡ್ಡಿ ನಿಂತಾಗ ಮಾತು ಕಡಿಯುತ್ತದೆ.

ಪೂರ್ತಿ ಕೆಟ್ಟ ಯಂತ್ರದ ದೋಷ ಹುಡುಕುವುದು ಸುಲಭ. ಬಿಟ್ಟು ಬಿಟ್ಟು ಬರುವ ದೋಷವೇ ಕಷ್ಟ. ಹಸುವಿಗೆ ಆಗಾಗ ಹೊಟ್ಟೆ ಉಬ್ಬರಿಸಿದರೆ ಪಶುವೈದ್ಯರು ಮೊದಲು ಏನು ಕೇಳುತ್ತಾರೆ? ಯಾವಾಗ ಬಂತು, ಅದಕ್ಕೆ ಮುಂಚೆ ಏನು ಮೇಯಿತು, ಎಷ್ಟು ಹೊತ್ತಿಗೆ ಇಳಿಯಿತು ಎಂದಲ್ಲವೇ? ಇಲ್ಲಿಯೂ ಅದೇ ಕ್ರಮ. ಲ್ಯಾಪ್‌ಟಾಪಿನ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡಿ. ಸಂಪರ್ಕ ಕಡಿದಾಗಲೆಲ್ಲ ಗಂಟೆ ಎಷ್ಟು, ಕರೆಂಟು ಇತ್ತೇ, ಸಾಲಿನಲ್ಲಿ ಎಷ್ಟು ಜನರಿದ್ದರು, ಪೆನ್‌ಡ್ರೈವ್ ಹಾಕಿತ್ತೇ ಎಂದು ಒಂದೇ ಸಾಲಿನಲ್ಲಿ ಬರೆಯಿರಿ. ಒಂದು ವಾರ ಬರೆದರೆ ಸಾಕು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ಗೊತ್ತಾಗುವುದಿಲ್ಲ.

ಸಾಲು ಉದ್ದವಾದಾಗ, ಕ್ಯಾನುಗಳು ಒಟ್ಟಾದಾಗ ಮಾತ್ರ ಕಡಿಯುತ್ತದೆ ಎಂದು ನೋಟ್‌ಬುಕ್ ತೋರಿಸಿದರೆ ಕಾರಣ ಕಣ್ಣೆದುರಿಗೇ ಇದೆ. ಹಸುವಿನ ಹಾಲಿನಲ್ಲಿ ಸುಮಾರು ಶೇಕಡಾ 87 ಭಾಗ ನೀರು. ಮನುಷ್ಯನ ದೇಹದಲ್ಲೂ ನೀರೇ ಹೆಚ್ಚು. ಈ ಅಲೆಗಳನ್ನು ನೀರು ಹೀರುತ್ತದೆ, ಸ್ಟೀಲಿನ ಕ್ಯಾನು ತಡೆದು ಹಿಂದಕ್ಕೆ ಎಸೆಯುತ್ತದೆ. ಲ್ಯಾಪ್‌ಟಾಪಿನ ಆಂಟೆನಾ ಸಾಮಾನ್ಯವಾಗಿ ಪರದೆಯ ಅಂಚಿನಲ್ಲಿರುತ್ತದೆ. ಪರದೆಗೂ ತೂಕದ ಯಂತ್ರಕ್ಕೂ ನಡುವೆ ತುಂಬಿದ ಕ್ಯಾನುಗಳ ಸಾಲು ಇದ್ದರೆ ಬ್ಲೂಟೂತನ್ನು ಬೈದು ಫಲವಿಲ್ಲ. ಲ್ಯಾಪ್‌ಟಾಪನ್ನು ಒಂದು ಗೇಣು ಎತ್ತರಿಸಿ, ಯಂತ್ರ ನೇರವಾಗಿ ಕಾಣುವಂತೆ ತಿರುಗಿಸಿ. ಕಬ್ಬಿಣದ ಬೀರುವಿನ ಪಕ್ಕದಲ್ಲಿದ್ದರೆ ಅಲ್ಲಿಂದ ಸರಿಸಿ.

ಪೆನ್‌ಡ್ರೈವ್ ಹಾಕಿದಾಗ ಅಥವಾ ಮೊಬೈಲಿನಿಂದ ಇಂಟರ್‌ನೆಟ್ ಹಂಚಿಕೊಂಡಾಗ ಕಡಿದರೆ ಅದು ಗದ್ದಲದ ದೋಷ. ಮೊಬೈಲಿನ ವೈ-ಫೈ ಹಲವು ಸಲ ಇದೇ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಓಡಾಡುತ್ತದೆ. ಮೊಬೈಲಿನಲ್ಲೂ ಲ್ಯಾಪ್‌ಟಾಪಿನಲ್ಲೂ 5 ಗಿಗಾಹರ್ಟ್ಸ್ ಸೌಲಭ್ಯವಿದ್ದರೆ ಅದಕ್ಕೆ ಬದಲಿಸಿಕೊಳ್ಳಿ. ಪೆನ್‌ಡ್ರೈವ್ ಏನು ಮಾಡೀತು ಎನ್ನಬೇಡಿ. ವೇಗದ ಯುಎಸ್‌ಬಿ 3.0 ಸಾಧನಗಳು ಇದೇ ಪಟ್ಟಿಯಲ್ಲಿ ರೇಡಿಯೋ ಗದ್ದಲ ಎಬ್ಬಿಸುತ್ತವೆ ಎಂಬುದನ್ನು ಇಂಟೆಲ್ ಕಂಪನಿಯೇ 2012ರಲ್ಲಿ ಪ್ರಕಟಿಸಿದೆ. ಬ್ಲೂಟೂತಿಗಾಗಿ ಹೊರಗಿನಿಂದ ಬೆರಳುಗಾತ್ರದ ಡಾಂಗಲ್ ಸಿಕ್ಕಿಸಿದ್ದರೆ ಅದನ್ನು ಪೆನ್‌ಡ್ರೈವಿನಿಂದ ದೂರ, ಲ್ಯಾಪ್‌ಟಾಪಿನ ಇನ್ನೊಂದು ಬದಿಗೆ ಹಾಕಿ. ಎರಡು ಅಡಿಯ ಯುಎಸ್‌ಬಿ ವೈರಿನ ತುದಿಗೆ ಡಾಂಗಲನ್ನು ಜೋಡಿಸಿದರೆ ಇನ್ನೂ ಉತ್ತಮ.

ಬೆಳಿಗ್ಗೆ ಸರಾಗವಾಗಿ ನಡೆದು, ಸಂಜೆ ಮೊದಲ ಸದಸ್ಯರ ಹಾಲಿಗೇ ಕೈಕೊಡುತ್ತದೆಯೇ? ಕರೆಂಟು ಹೋದೊಡನೆ ಕಡಿಯುತ್ತದೆಯೇ? ಹಾಗಿದ್ದರೆ ಲ್ಯಾಪ್‌ಟಾಪು ಬ್ಯಾಟರಿ ಉಳಿಸಲೆಂದು ಬ್ಲೂಟೂತನ್ನು ಮಲಗಿಸುತ್ತಿರಬಹುದು. ಮಲಗಿದ್ದು ಒಮ್ಮೆ ಎದ್ದೀತು, ಒಮ್ಮೆ ಏಳದೇ ಇದ್ದೀತು. ಬಿಟ್ಟು ಬಿಟ್ಟು ಬರುವ ದೋಷದಲ್ಲಿ ಜನ ಬಹಳ ಸಲ ಕಡೆಗಣಿಸುವ ಕಾರಣ ಇದೇ ಎಂಬುದು ನನ್ನ ಅಭಿಪ್ರಾಯ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ 'ಡಿವೈಸ್ ಮ್ಯಾನೇಜರ್' ತೆರೆದು, ಬ್ಲೂಟೂತ್ ಪಟ್ಟಿಯಲ್ಲಿ ಅಡಾಪ್ಟರಿನ ಹೆಸರನ್ನು ಎರಡು ಸಲ ಒತ್ತಿ, 'ಪವರ್ ಮ್ಯಾನೇಜ್‌ಮೆಂಟ್' ಎಂಬ ಪುಟಕ್ಕೆ ಹೋಗಿ. ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಲು ಕಂಪ್ಯೂಟರಿಗೆ ಅನುಮತಿ ಕೊಡುವ ಸಾಲೊಂದು ಅಲ್ಲಿರುತ್ತದೆ. ಅದರ ಮುಂದಿನ ಗುರುತನ್ನು ತೆಗೆದುಬಿಡಿ. ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಈ ಪುಟವೇ ಇರುವುದಿಲ್ಲ. ಅಂಥ ಕಡೆ ಹಾಲು ಹಾಕಿಸಿಕೊಳ್ಳುವ ಹೊತ್ತಿನಲ್ಲಿ 'ಬ್ಯಾಟರಿ ಸೇವರ್' ಆಫ್ ಮಾಡಿ, ಲ್ಯಾಪ್‌ಟಾಪು ನಿದ್ರೆಗೆ ಜಾರದಂತೆ ನೋಡಿಕೊಳ್ಳಿ. ತೂಕದ ಯಂತ್ರದ ಅಥವಾ ಪ್ರಿಂಟರಿನ ಬ್ಯಾಟರಿ ಇಳಿದಿದ್ದರೂ ಇದೇ ಲಕ್ಷಣ. ಅದನ್ನು ಮೊದಲು ಚಾರ್ಜು ಮಾಡಿ ನೋಡುವುದು ಖರ್ಚಿಲ್ಲದ ಪರೀಕ್ಷೆ.

ಕೆಲವೊಮ್ಮೆ ಪರದೆಯಿಂದ ಬ್ಲೂಟೂತ್ ಗುರುತೇ ಮಾಯವಾಗುತ್ತದೆ. ಆಗ ಗಾಬರಿ ಬೇಡ. 'ಶಟ್ ಡೌನ್' ಮಾಡಿ ಮತ್ತೆ ಹಚ್ಚಿದರೆ ಬಹಳ ಲ್ಯಾಪ್‌ಟಾಪುಗಳು ಪೂರ್ತಿ ಹೊಸದಾಗಿ ಏಳುವುದಿಲ್ಲ, ಬೇಗ ಏಳಲೆಂದು ಹಳೆಯ ಸ್ಥಿತಿಯ ಒಂದು ಭಾಗವನ್ನು ಉಳಿಸಿಕೊಂಡಿರುತ್ತವೆ. 'ರೀಸ್ಟಾರ್ಟ್' ಮಾಡಿದರೆ ಮಾತ್ರ ಹೊಸದಾಗಿ ಏಳುತ್ತವೆ. ಅದರಿಂದಲೂ ಬಾರದಿದ್ದರೆ ಆಫ್ ಮಾಡಿ, ಚಾರ್ಜರ್ ಕಿತ್ತು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು ಮತ್ತೆ ಹಚ್ಚಿ. ವಿಂಡೋಸ್ ಅಪ್‌ಡೇಟ್ ಆದ ಮರುದಿನದಿಂದಲೇ ತೊಂದರೆ ಶುರುವಾಗಿದ್ದರೆ, ಡಿವೈಸ್ ಮ್ಯಾನೇಜರಿನಲ್ಲಿ ಅಡಾಪ್ಟರಿನ 'ಡ್ರೈವರ್' ಪುಟದಿಂದ ಹಿಂದಿನ ಡ್ರೈವರಿಗೆ ಮರಳಬಹುದು. ಹೊಸ ಡ್ರೈವರ್ ಬೇಕಿದ್ದರೆ ಲ್ಯಾಪ್‌ಟಾಪು ತಯಾರಿಸಿದವರ ತಾಣದಿಂದಲೇ ತೆಗೆದುಕೊಳ್ಳಿ. ಎಲ್ಲ ಸರಿಮಾಡುತ್ತೇವೆಂದು ಜಾಹೀರಾತು ಕೊಡುವ ಬಿಟ್ಟಿ ಸಾಫ್ಟ್‌ವೇರನ್ನು ಸದಸ್ಯರ ಲೆಕ್ಕವಿರುವ ಯಂತ್ರಕ್ಕೆ ಎಂದಿಗೂ ಹಾಕಬಾರದು.

ಇನ್ನೊಂದು ವಿಚಿತ್ರ ದೋಷವುಂಟು. ಬ್ಲೂಟೂತ್ ಜೋಡಣೆಯಾಗಿದೆ ಎಂದು ತೋರಿಸುತ್ತದೆ, ತೂಕ ಮಾತ್ರ ಬರುವುದಿಲ್ಲ. ಇಂಥ ತೂಕದ ಯಂತ್ರಗಳು ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ 'ಕಾಮ್ ಪೋರ್ಟ್' ಎಂಬ ನಂಬರಿನ ಬಾಗಿಲ ಮೂಲಕ ಅಂಕಿ ಕಳಿಸುತ್ತವೆ. ಸಿಟ್ಟಿನಲ್ಲಿ ಹಳೆಯ ಜೋಡಣೆ ಅಳಿಸಿ ಹೊಸದಾಗಿ ಜೋಡಿಸಿದರೆ ಆ ನಂಬರು ಬದಲಾಗಬಹುದು, ನಿನ್ನೆ 4 ಇದ್ದದ್ದು ಇಂದು 5. ಹಾಲಿನ ಸಾಫ್ಟ್‌ವೇರು ಖಾಲಿ ಮನೆಯ ಬಾಗಿಲು ಬಡಿಯುತ್ತಾ ಕೂರುತ್ತದೆ. ಹೊಸ ನಂಬರನ್ನು ಸಾಫ್ಟ್‌ವೇರಿನ ಸೆಟ್ಟಿಂಗಿನಲ್ಲಿ ಬರೆದರೆ ಮುಗಿಯಿತು. ಇಂಥ ಯಂತ್ರ ಸಾಮಾನ್ಯವಾಗಿ ಒಂದು ಸಲಕ್ಕೆ ಒಬ್ಬರೊಡನೆ ಮಾತ್ರ ಮಾತನಾಡುತ್ತದೆ. ಹಿಂದೆಂದೋ ಪರೀಕ್ಷೆಗೆಂದು ಜೋಡಿಸಿದ್ದ ಯಾರದೋ ಮೊಬೈಲು ಡೈರಿಯೊಳಗೆ ಬಂದೊಡನೆ ಅದೇ ಮೊದಲು ಹಿಡಿದುಕೊಂಡರೆ ಲ್ಯಾಪ್‌ಟಾಪಿಗೆ ಸರದಿಯೇ ಸಿಗುವುದಿಲ್ಲ. ಆ ಮೊಬೈಲಿನಿಂದ ಜೋಡಣೆ ಅಳಿಸಿಸಿ.

ದೋಷ ಸಿಗುವವರೆಗೆ ಹಾಲು ಕಾಯುವುದಿಲ್ಲವಲ್ಲ. ಸಂಪರ್ಕ ಕಡಿದಾಗ ಕಾರ್ಯದರ್ಶಿಗಳು ಯಂತ್ರದ ಫಲಕದ ಅಂಕಿಯನ್ನು ಗಟ್ಟಿಯಾಗಿ ಓದಬೇಕು, ನೀವೂ ನೋಡಬೇಕು, ಮೊದಲು ರಿಜಿಸ್ಟರಿನಲ್ಲಿ ಪೆನ್ನಿನಿಂದ ಬರೆದು ಆಮೇಲೆ ಟೈಪು ಮಾಡಬೇಕು. ಸಂಪರ್ಕ ಮರಳಿದಾಗ ಒಬ್ಬರದೇ ಹಾಲು ಎರಡು ಸಲ ದಾಖಲಾಗಿದೆಯೇ ಎಂದು ಅಂದೇ ತಾಳೆ ನೋಡಬೇಕು. ಅಂಥ ದಿನದ ಚೀಟಿಯನ್ನು ಬಟವಾಡೆ ಆಗುವವರೆಗೆ ಎಸೆಯಬೇಡಿ.

ತೂಕದ ಯಂತ್ರಕ್ಕೆ ಕೇಬಲ್ ಹಾಕುವ ಅವಕಾಶವಿದ್ದರೆ ಹಾಲು ಅಳೆಯುವ ಮೇಜಿನ ಮೇಲೆ ಕೇಬಲ್ಲೇ ಇರಲಿ ಎಂದು ನಾನು ಹೇಳುತ್ತೇನೆ. ಪ್ರಿಂಟರು ಬ್ಲೂಟೂತಿನಲ್ಲಿದ್ದರೆ ಅಡ್ಡಿಯಿಲ್ಲ, ಚೀಟಿ ಎರಡು ನಿಮಿಷ ತಡವಾಗಬಹುದು, ಅಂಕಿ ಬದಲಾಗದು. ಇಷ್ಟೆಲ್ಲ ನೋಡಿದ ಮೇಲೂ ಗುಣ ಕಾಣದಿದ್ದರೆ ರಿಪೇರಿಯವರನ್ನು ಕರೆಸಿ, ಬಂದೊಡನೆ ಆ ವಾರದ ನೋಟ್‌ಬುಕ್ಕನ್ನು ಅವರ ಕೈಗೆ ಕೊಡಿ.