ಬೈಸಿಕಲ್ಲಿನ ಜಮಾ-ಖರ್ಚು

ಕಡೂರು, ಬೀರೂರು, ಅಜ್ಜಂಪುರಗಳ ಸುತ್ತಿನ ಬಯಲಿನಲ್ಲಿ ರಸ್ತೆಗಳು ಬಹುಮಟ್ಟಿಗೆ ಮಟ್ಟಸವಾಗಿಯೇ ಸಾಗುತ್ತವೆ. ಇಕ್ಕೆಲದಲ್ಲಿ ತೆಂಗಿನ ತೋಟಗಳು, ನಡುನಡುವೆ ರಾಗಿಯ ಹೊಲಗಳು. ಬೀರೂರನ್ನು ದಾಟಿ ತರೀಕೆರೆಯ ಕಡೆಗೆ ಹೊರಟರೆ ನೆಲದ ಲಕ್ಷಣ ಮೆಲ್ಲಮೆಲ್ಲನೆ ಬದಲಾಗುತ್ತದೆ. ತೆಂಗಿನ ಜೊತೆಗೆ ಅಡಕೆ ಕಾಣಿಸಿಕೊಳ್ಳುತ್ತದೆ. ಬಾಬಾಬುಡನ್ ಗಿರಿಶ್ರೇಣಿ ಹತ್ತಿರ ಹತ್ತಿರಕ್ಕೆ ಬರುತ್ತದೆ. ತರೀಕೆರೆಯಿಂದ ಲಿಂಗದಹಳ್ಳಿಯ ಮಾರ್ಗವಾಗಿ ಮುಂದುವರಿದರೆ ಕೆಮ್ಮಣ್ಣುಗುಂಡಿಯ ಘಟ್ಟದ ರಸ್ತೆ ಎದುರಾಗುತ್ತದೆ. ಬಯಲು, ಎದುರುಗಾಳಿ, ಏರು, ಇಳಿಜಾರು, ಮಳೆ – ಇಷ್ಟೂ ಒಂದೇ ಸೀಮೆಯಲ್ಲಿ ದೊರೆಯುವಾಗ ಬೈಸಿಕಲ್ಲಿನ ಭೌತಶಾಸ್ತ್ರವನ್ನು ಕಲಿಯಲು ಬೇರೆ ಪ್ರಯೋಗಶಾಲೆ ಏತಕ್ಕೆ?

ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಬೈಸಿಕಲ್ ವಿತರಿಸುವ ಯೋಜನೆಯನ್ನು ಆರಂಭಿಸಿದ ಮೇಲೆ ಹಳ್ಳಿಯ ಅನೇಕ ಮನೆಗಳಿಗೆ ಈ ಯಂತ್ರ ಬಂದಿತು. ಆದರೆ ಅದನ್ನು ಏರಿ ಹೋಗುವವರಲ್ಲಿ ಅದರ ಲೆಕ್ಕವನ್ನು ನೋಡಿದವರು ಕಡಮೆ. ಕಳೆದೊಂದು ಆಷಾಢದಲ್ಲಿ ನನ್ನ ತರಗತಿಯ ವಿದ್ಯಾರ್ಥಿಯೊಬ್ಬ ಏದುಸಿರು ಬಿಡುತ್ತ ಬಂದು, “ಸರ್, ನನ್ನ ಕಾಲಿನಲ್ಲಿ ಶಕ್ತಿ ಇಲ್ಲವೋ, ಸೈಕಲ್ಲಿನಲ್ಲೇ ದೋಷವೋ ತಿಳಿಯದು. ಇದನ್ನು ಮಾರಿ ಗೇರಿನ ಸೈಕಲ್ ಕೊಡಿಸಿ ಎಂದು ಮನೆಯಲ್ಲಿ ಕೇಳಬೇಕೆಂದಿದ್ದೇನೆ” ಎಂದ. ನಾನು ಅವನ ಸೈಕಲ್ಲಿನ ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಬೆರಳು ಸಲೀಸಾಗಿ ಒಳಕ್ಕೆ ಹೋಯಿತು. ಅವನ ಪ್ರಶ್ನೆಗೆ ಉತ್ತರ ಅಲ್ಲಿಯೇ ಇತ್ತು. ಅದನ್ನು ಲೆಕ್ಕಹಾಕಿ ತೋರಿಸುವುದೇ ಈ ಲೇಖನದ ಉದ್ದೇಶ.

ಜಮಾ ಎಷ್ಟು?

ಆರೋಗ್ಯವಂತನಾದ ಯುವಕ ಅಥವಾ ಯುವತಿ ಹೆಚ್ಚು ಆಯಾಸವಿಲ್ಲದೆ ಒಂದು ಗಂಟೆಯ ಕಾಲ ಪೆಡಲು ತುಳಿಯುತ್ತ ಸುಮಾರು 75 ವಾಟ್ ಸಾಮರ್ಥ್ಯವನ್ನು ಒದಗಿಸಬಹುದು. ಮನೆಯ ಛಾವಣಿಯಲ್ಲಿ ತಿರುಗುವ ಸಾಧಾರಣ ಫ್ಯಾನು ಸರಿಸುಮಾರು ಇಷ್ಟನ್ನೇ ಬಳಸುತ್ತದೆ. ಒಂದು ಅಶ್ವಶಕ್ತಿಯ ಹತ್ತನೆಯ ಒಂದು ಪಾಲು. ಇದೇ ನಮ್ಮ ಆದಾಯ. ಆದಾಯ ಕಡಮೆ ಇರುವ ಮನೆಯಲ್ಲಿ ಖರ್ಚನ್ನು ಕಾಸುಕಾಸಿಗೂ ಬರೆದಿಡುವಂತೆ ಇಲ್ಲಿಯೂ ಒಂದೊಂದು ವಾಟ್ ಎಲ್ಲಿ ಹೋಗುತ್ತದೆಂದು ನೋಡಬೇಕು.

ಸವಾರನ ತೂಕ 55 ಕಿಲೋಗ್ರಾಂ, ಸೈಕಲ್ಲಿನದು 20 ಎಂದು ಇಟ್ಟುಕೊಳ್ಳೋಣ. ಒಟ್ಟು 75 ಕಿಲೋಗ್ರಾಂ. ಭೂಮಿ ಇದನ್ನು ಸೆಳೆಯುವ ಬಲ ಸುಮಾರು 735 ನ್ಯೂಟನ್. ವೇಗ ಗಂಟೆಗೆ 15 ಕಿಲೋಮೀಟರ್, ಎಂದರೆ ಸೆಕೆಂಡಿಗೆ 4.2 ಮೀಟರ್. ತಡೆಯುವ ಬಲವನ್ನು ವೇಗದಿಂದ ಗುಣಿಸಿದರೆ ಬೇಕಾದ ಸಾಮರ್ಥ್ಯ ದೊರೆಯುತ್ತದೆ.

ಮೊದಲನೆಯ ಖರ್ಚು: ಟೈರು

ಜಾನ್ ಬಾಯ್ಡ್ ಡನ್‌ಲಪ್ ಎಂಬುವನು 1888ರಲ್ಲಿ ಗಾಳಿ ತುಂಬಿದ ಟೈರಿಗೆ ಪೇಟೆಂಟು ಪಡೆದನು. ಟೈರು ನೆಲಕ್ಕೆ ತಾಕುವ ಕಡೆ ಚಪ್ಪಟೆಯಾಗಿ, ಮುಂದಕ್ಕೆ ಉರುಳಿದೊಡನೆ ಮತ್ತೆ ದುಂಡಗಾಗುತ್ತದೆ. ರಬ್ಬರನ್ನು ಬಗ್ಗಿಸಲು ನಾವು ಕೊಟ್ಟ ಶಕ್ತಿಯೆಲ್ಲವನ್ನೂ ಅದು ಹಿಂದಿರುಗಿಸುವುದಿಲ್ಲ. ಒಂದು ಭಾಗ ಉಷ್ಣವಾಗಿ ಹೋಗುತ್ತದೆ. ಹೆಚ್ಚು ಬಗ್ಗಿದಷ್ಟೂ ಹೆಚ್ಚು ನಷ್ಟ.

ಎಷ್ಟು ಬಗ್ಗುತ್ತದೆ ಎಂಬುದು ಒಳಗಿನ ಒತ್ತಡವನ್ನು ಅವಲಂಬಿಸಿದೆ. ಹಿಂದಿನ ಚಕ್ರದ ಮೇಲೆ 45 ಕಿಲೋಗ್ರಾಂ ಭಾರವಿದ್ದು, ಟೈರಿನಲ್ಲಿ ಚದರ ಸೆಂಟಿಮೀಟರಿಗೆ ಸುಮಾರು ಮೂರೂವರೆ ಕಿಲೋಗ್ರಾಂ, ಎಂದರೆ 50 ಪೌಂಡಿನ ಗಾಳಿ ಇದ್ದರೆ, ನೆಲಕ್ಕೆ ತಾಕುವ ವಿಸ್ತೀರ್ಣ ಸುಮಾರು 13 ಚದರ ಸೆಂಟಿಮೀಟರ್. ಒತ್ತಡ ಅರ್ಧಕ್ಕೆ ಇಳಿದರೆ ಅದು 26 ಆಗುತ್ತದೆ. ಬಿಗಿಯಾಗಿ ಗಾಳಿ ಹೊಡೆದ ಟೈರು ಭಾರದ ಸಾವಿರದಲ್ಲಿ 8 ಪಾಲಿನಷ್ಟು ತಡೆಯನ್ನು ಒಡ್ಡುತ್ತದೆಂದು ಹಿಡಿಯಬಹುದು: 6 ನ್ಯೂಟನ್, 25 ವಾಟ್. ಮೆತ್ತಗಾದ ಟೈರಿನಲ್ಲಿ ತಡೆ ಇಮ್ಮಡಿಯಾದರೆ ಖರ್ಚು 49 ವಾಟ್. ಈ ಹೆಚ್ಚಿನ 24 ವಾಟ್ ನಮ್ಮ ಆದಾಯದ ಮೂರನೆಯ ಒಂದು ಪಾಲು! ಪಂಪಿನಿಂದ ಮೂವತ್ತು ನಲವತ್ತು ಸಲ ಒತ್ತಿದರೆ ಉಳಿಯಬಹುದಾದ ಹಣ ಇದು.

ಟೈರಿನ ಪಕ್ಕದಲ್ಲಿ ಎಷ್ಟು ಗಾಳಿ ಹಿಡಿಸಬೇಕೆಂಬುದನ್ನು ಅಚ್ಚೊತ್ತಿರುತ್ತಾರೆ, ಅದನ್ನು ಓದಿರಿ. ಪಂಚರ್ ಇಲ್ಲದಿದ್ದರೂ ಎರಡು ದಿನಕ್ಕೊಮ್ಮೆ ಗಾಳಿ ಇಳಿಯುತ್ತಿದ್ದರೆ ವಾಲ್ವಿನ ಬಾಯಿಗೆ ಒಂದು ಹನಿ ನೀರು ಹಚ್ಚಿ ನೋಡಿರಿ. ಗುಳ್ಳೆ ಎದ್ದರೆ ಒಳಗಿನ ಸಣ್ಣ ರಬ್ಬರ್ ಕೊಳವೆ ಹಳತಾಗಿದೆಯೆಂದು ಅರ್ಥ. ಅದರ ಬೆಲೆ ಅತ್ಯಲ್ಪ.

ಎರಡನೆಯ ಖರ್ಚು: ಗಾಳಿ

ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ನೆಟ್ಟಗೆ ಕುಳಿತ ಸವಾರನಿಗೆ ನಿಶ್ಚಲವಾದ ಗಾಳಿಯಲ್ಲಿ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಈ ತಡೆ ಸುಮಾರು 5.7 ನ್ಯೂಟನ್, ಖರ್ಚು 24 ವಾಟ್. ಟೈರಿಗೆ 25, ಗಾಳಿಗೆ 24, ಚೈನಿಗೆ ಒಂದೆರಡು: ಒಟ್ಟು ಸುಮಾರು 50 ವಾಟ್. 75ರ ಆದಾಯದಲ್ಲಿ ಇನ್ನೂ 25 ಉಳಿದಿದೆ. ಇದೇ ಕಾರಣದಿಂದ ಬೆಳಗಿನ ಹೊತ್ತು ಕಡೂರಿನಿಂದ ಬೀರೂರಿಗೆ ಹೋಗುವುದು ಆಟವೆನಿಸುತ್ತದೆ.

ಆದರೆ ಆಷಾಢದಲ್ಲಿ ಪಡುವಣ ಗಾಳಿ ಎದ್ದಾಗ ತರೀಕೆರೆಯ ದಿಕ್ಕಿಗೆ ಹೊರಡಿರಿ. ಎದುರುಗಾಳಿ ಗಂಟೆಗೆ ಕೇವಲ 10 ಕಿಲೋಮೀಟರ್ ಇದ್ದರೂ ನಮ್ಮ ಮೈಗೆ ತಾಗುವ ಗಾಳಿಯ ವೇಗ 25. ತಡೆ 16 ನ್ಯೂಟನಿಗೆ ಏರುತ್ತದೆ. ಗಾಳಿಗೇ 66 ವಾಟ್. ಒಟ್ಟು 90ಕ್ಕೂ ಮೇಲೆ! ನನ್ನ ವಿದ್ಯಾರ್ಥಿಯ ಟೈರು ಬೇರೆ ಮೆತ್ತಗಿತ್ತು. ಅವನ ಖರ್ಚು 115 ವಾಟನ್ನು ದಾಟಿತ್ತು. ಕಾಲಿನಲ್ಲಿ ಶಕ್ತಿ ಇಲ್ಲದ್ದಲ್ಲ. ಜಮೆಗಿಂತ ಖರ್ಚು ಮಿಗಿಲಾಗಿತ್ತು.

ಇದಕ್ಕೆ ಪರಿಹಾರವೇನು? ಗಾಳಿಯೊಡನೆ ಹಟ ಹಿಡಿಯದಿರುವುದು. ವೇಗವನ್ನು 15ರಿಂದ 12ಕ್ಕೆ ಇಳಿಸಿದರೆ, ಬಿಗಿಯಾದ ಟೈರಿನಲ್ಲಿ ಒಟ್ಟು ಖರ್ಚು ಸುಮಾರು 63 ವಾಟಿಗೆ ಇಳಿಯುತ್ತದೆ. ಹತ್ತು ಕಿಲೋಮೀಟರ್ ದಾರಿಗೆ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೆ. ಹತ್ತು ನಿಮಿಷ ಮೊದಲೇ ಮನೆ ಬಿಡುವುದು ಹೊಸ ಸೈಕಲ್ ಕೊಳ್ಳುವುದಕ್ಕಿಂತ ಸುಲಭವಷ್ಟೆ?

ಚೈನು

ಶುಚಿಯಾಗಿ ಎಣ್ಣೆ ಕಂಡಿರುವ ಚೈನು ನಾವು ಕೊಟ್ಟ ಸಾಮರ್ಥ್ಯದಲ್ಲಿ ನೂರಕ್ಕೆ ಎರಡು ಮೂರು ಪಾಲನ್ನು ಮಾತ್ರ ನುಂಗುತ್ತದೆ. ಕೊಳಕು ಚೈನಿನ ಮುಖ್ಯ ಹಾನಿ ಸವೆತ. ಧೂಳು ಎಣ್ಣೆಯೊಡನೆ ಸೇರಿದರೆ ಸಾಣೆಯ ಪುಡಿಯಂತೆ ವರ್ತಿಸಿ ಕೊಂಡಿಗಳ ಒಳಗಿನ ಮೊಳೆಗಳನ್ನು ತೇಯುತ್ತದೆ. “ಚೈನು ಎಳೆದುಕೊಂಡು ಉದ್ದವಾಗಿದೆ” ಎಂದು ಜನ ಹೇಳುವುದುಂಟು. ನಿಜವಾಗಿ ಉಕ್ಕು ಎಳೆದುಕೊಂಡಿರುವುದಿಲ್ಲ. ಪ್ರತಿಯೊಂದು ಮೊಳೆಯೂ ಕೂದಲೆಳೆಯಷ್ಟು ಸವೆದು, ಆ ಸವೆತಗಳೆಲ್ಲ ಕೂಡಿ ಉದ್ದವಾಗಿ ಕಾಣುತ್ತವೆ.

ಇದನ್ನು ಅಳೆಯಲು ಶಾಲೆಯ ಅಡಿಕೋಲು ಸಾಕು. ಒಂದು ಮೊಳೆಯಿಂದ ಮುಂದಿನ ಮೊಳೆಗೆ ಅರ್ಧ ಅಂಗುಲ. ಆದುದರಿಂದ 24 ಕೊಂಡಿಗಳಿಗೆ ಸರಿಯಾಗಿ 12 ಅಂಗುಲವಾಗಬೇಕು. ಅದು 12 ಅಂಗುಲದ ಮೇಲೆ ಒಂದು ಅಂಗುಲದ ಎಂಟನೆಯ ಒಂದು ಪಾಲಿಗೆ ಬಂದಿದ್ದರೆ ಸವೆತ ನೂರಕ್ಕೆ ಒಂದು, ಚೈನನ್ನು ಬದಲಾಯಿಸಬೇಕು. ತಡಮಾಡಿದರೆ ಹಲ್ಲುಚಕ್ರಗಳೂ ಹಾಳಾಗಿ ಖರ್ಚು ಮೂರ್ಮಡಿಯಾಗುತ್ತದೆ.

ಚೈನನ್ನು ಸೀಮೆಎಣ್ಣೆಯಿಂದ ತೊಳೆದು, ಒರೆಸಿ, ಪ್ರತಿ ಕೊಂಡಿಗೂ ಒಂದೊಂದು ಹನಿ ಮೆಷಿನ್ ಆಯಿಲ್ ಬಿಟ್ಟು, ಹೊರಗೆ ಉಳಿದುದನ್ನು ಮತ್ತೆ ಒರೆಸಬೇಕು. ಎಣ್ಣೆ ಬೇಕಾದುದು ಮೊಳೆಯ ಒಳಗೆ. ಹೊರಗಿನ ಎಣ್ಣೆಗೆ ಧೂಳನ್ನು ಹಿಡಿಯುವುದೊಂದೇ ಕೆಲಸ. ತೆಂಗಿನ ಸೀಮೆಯವರಾದ ನಾವು ಕೊಬ್ಬರಿ ಎಣ್ಣೆಯನ್ನೇ ಬಿಡುವುದುಂಟು. ಅದು ಸುಮಾರು 24 ಡಿಗ್ರಿ ಸೆಂಟಿಗ್ರೇಡಿನಲ್ಲಿ ಗಟ್ಟಿಯಾಗುವ ಪದಾರ್ಥ. ಚಳಿಗಾಲದ ಬೆಳಗ್ಗೆ ಮನೆಯ ಸೀಸೆಯಲ್ಲಿ ಹೆಪ್ಪುಗಟ್ಟಿದ್ದು ಚೈನಿನಲ್ಲಿ ಮಾತ್ರ ಹರಿದೀತೇ?

ಏರು ಮತ್ತು ಹಲ್ಲುಗಳ ಲೆಕ್ಕ

ಮುಂದಿನ ಹಲ್ಲುಚಕ್ರದಲ್ಲಿ 44, ಹಿಂದಿನ ಫ್ರೀವೀಲಿನಲ್ಲಿ 18 ಹಲ್ಲುಗಳಿವೆ ಎನ್ನೋಣ. ನಿಮ್ಮ ಸೈಕಲ್ಲಿನದನ್ನು ನೀವೇ ಎಣಿಸಿಕೊಳ್ಳಿರಿ. 28 ಅಂಗುಲದ ಚಕ್ರದ ಪರಿಧಿ ಸುಮಾರು 2.2 ಮೀಟರ್. ಪೆಡಲನ್ನು ಒಂದು ಸುತ್ತು ತುಳಿದರೆ ಸೈಕಲ್ಲು 5.4 ಮೀಟರ್ ಮುಂದೆ ಹೋಗುತ್ತದೆ. ಆದರೆ ನಮ್ಮ ಪಾದ ಸುತ್ತಿದ ದೂರ ಸುಮಾರು 1 ಮೀಟರ್ ಮಾತ್ರ. ದೂರದಲ್ಲಿ ಐದು ಮಡಿ ಗಳಿಸಿದುದರಿಂದ ಬಲದಲ್ಲಿ ಐದು ಮಡಿ ತೆರಬೇಕು.

12 ಮೀಟರಿಗೆ 1 ಮೀಟರ್ ಏರುವ ದಿಣ್ಣೆಯಲ್ಲಿ ತಡೆಯುವ ಬಲ ಸುಮಾರು 67 ನ್ಯೂಟನ್. ಪೆಡಲಿನ ಮೇಲೆ ಬೇಕಾದ ಸರಾಸರಿ ಬಲ ಇದರ ಐದು ಮಡಿಗೂ ಮೇಲೆ, ಸುಮಾರು 350 ನ್ಯೂಟನ್. ಪೆಡಲು ಮೇಲೆ ಕೆಳಗೆ ಇರುವಾಗ ತುಳಿತ ಪ್ರಯೋಜನಕ್ಕೆ ಬಾರದಾದುದರಿಂದ, ಅದು ಮಟ್ಟವಾಗಿರುವ ಗಳಿಗೆಯಲ್ಲಿ ಬಲ ಇನ್ನೂ ಹೆಚ್ಚಬೇಕು. ಅದು ಸವಾರನ ಪೂರ್ತಿ ತೂಕಕ್ಕೆ ಸಮನಾಗಿ ಬರುತ್ತದೆ. ಏರಿನಲ್ಲಿ ನಾವು ಸೀಟಿನಿಂದ ಎದ್ದು ನಿಂತು ತುಳಿಯುವುದೂ, ಕೊನೆಗೆ ಇಳಿದು ತಳ್ಳುವುದೂ ಇದೇ ಕಾರಣದಿಂದ.

ಹಿಂದೆ 18ಕ್ಕೆ ಬದಲಾಗಿ 22 ಹಲ್ಲಿನ ಫ್ರೀವೀಲನ್ನು ಹಾಕಿಸಿದರೆ ಬಲ 350ರಿಂದ ಸುಮಾರು 285ಕ್ಕೆ ಇಳಿಯುತ್ತದೆ. ಚೈನಿಗೆ ಒಂದು ಜೋಡಿ ಕೊಂಡಿ ಸೇರಿಸಬೇಕಾದೀತು. ಮಟ್ಟಸ ರಸ್ತೆಯಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ ಮೊದಲು ಗಂಟೆಗೆ 19 ಕಿಲೋಮೀಟರ್ ಬರುತ್ತಿದ್ದದ್ದು ಈಗ 16 ಬರುತ್ತದೆ. ಶಾಲೆಗೆ ಹೋಗಿಬರುವವರಿಗೆ ಅದು ಧಾರಾಳವಾಯಿತು. ಗೇರು ಮಾಡಬೇಕಾದ ಕಾರ್ಯವನ್ನು ಕಡಮೆ ಮಾಡದು. ಬಲವನ್ನು ಕಡಮೆ ಮಾಡಿ ತುಳಿತವನ್ನು ಹೆಚ್ಚಿಸುತ್ತದೆ. ದಿನವೂ ಘಟ್ಟ ಹತ್ತುವವನಿಗೆ ಹಲವು ಗೇರುಗಳ ಸೈಕಲ್ಲು ಉಚಿತವೇ. ಕಡೂರು–ಅಜ್ಜಂಪುರದ ಬಯಲಿನವನಿಗೆ ಸರಿಯಾಗಿ ಆರಿಸಿದ ಒಂದು ಫ್ರೀವೀಲು ಸಾಕು.

ಹಗುರವಾದ ಭಾಗಗಳಿಗೆ ಹಣ ಸುರಿಯುವವರೂ ಈ ಲೆಕ್ಕವನ್ನು ನೋಡಬೇಕು. ಒಂದು ಕಿಲೋಗ್ರಾಂ ಕಡಮೆಯಾದರೆ 75ರಲ್ಲಿ ಒಂದು ಪಾಲು ಉಳಿಯಿತು. ಗಾಳಿಯ ಖರ್ಚಿನಲ್ಲಿ ಅದೂ ಇಲ್ಲ.

ಖರ್ಚು ಮಾಡಲೇಬೇಕಾದ ಸ್ಥಳ

ಇಲ್ಲಿಯವರೆಗೆ ಶಕ್ತಿಯನ್ನು ಉಳಿಸುವ ಮಾತಾಯಿತು. ಶಕ್ತಿಯನ್ನು ಬೇಗನೆ ಕಳೆಯಲೇಬೇಕಾದ ಸಂದರ್ಭ ಒಂದಿದೆ. ಅಲ್ಲಿ ಜಿಪುಣತನ ಮಾಡಿದರೆ ಪ್ರಾಣಕ್ಕೆ ಅಪಾಯ.

ಕೆಮ್ಮಣ್ಣುಗುಂಡಿಯ ಎತ್ತರ ಸುಮಾರು 1400 ಮೀಟರ್, ತರೀಕೆರೆಯದು ಸುಮಾರು 700. ಮೇಲಿನಿಂದ ಕೆಳಕ್ಕೆ ಬರುವ ಸವಾರನು ಸುಮಾರು 5 ಲಕ್ಷ ಜೂಲ್ ಶಕ್ತಿಯನ್ನು ಎಲ್ಲಿಯಾದರೂ ಕಳೆಯಬೇಕು. ಒಂದೂವರೆ ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಲುವಷ್ಟು ಶಕ್ತಿ ಇದು. ಗಾಳಿ ಮತ್ತು ಟೈರು ನುಂಗಿದ್ದು ಕಳೆದು ಉಳಿದುದೆಲ್ಲವೂ ನಾಲ್ಕು ತುಂಡು ಬ್ರೇಕ್ ರಬ್ಬರಿನ ಪಾಲಿಗೆ ಬರುತ್ತದೆ.

ಒಣಗಿದ ಮಟ್ಟಸ ರಸ್ತೆಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಿಂದ ನಿಲ್ಲುವುದನ್ನು ನೋಡೋಣ. ಹಿಂದಿನ ಬ್ರೇಕೊಂದನ್ನೇ ಹಿಡಿದರೆ ಭಾರ ಮುಂದಕ್ಕೆ ಸರಿದು ಹಿಂದಿನ ಚಕ್ರ ಹಗುರವಾಗಿ ಜಾರುತ್ತದೆ, ಸೆಕೆಂಡಿಗೆ 2.5 ಮೀಟರಿಗಿಂತ ಹೆಚ್ಚಾಗಿ ವೇಗ ತಗ್ಗದು. ನಿಲ್ಲಲು ಬೇಕಾದ ದೂರ 6 ಮೀಟರ್. ಮುಂದಿನದನ್ನೂ ಸೇರಿಸಿ ಎರಡನ್ನೂ ಹದವಾಗಿ ಹಿಡಿದರೆ ಇದು ಸುಮಾರು ಅರ್ಧವಾಗುತ್ತದೆ. ಮುಂದಿನ ಬ್ರೇಕನ್ನು ಕೆಟ್ಟುಹೋಗಲು ಬಿಡುವ ರೂಢಿ ಎಷ್ಟು ಅವಿವೇಕದ್ದೆಂಬುದು ಇದರಿಂದ ಸ್ಪಷ್ಟ.

ಈಗ ಮಳೆ ಬರಲಿ. ಥಳಥಳಿಸುವ ಲೇಪದ ಉಕ್ಕಿನ ರಿಮ್ಮು ಒದ್ದೆಯಾದರೆ ಸಾಧಾರಣ ರಬ್ಬರಿನ ಹಿಡಿತ ಒಣಗಿದ್ದಾಗಿನ ಹತ್ತನೆಯ ಒಂದು ಪಾಲಿನ ಸಮೀಪಕ್ಕೂ ಇಳಿಯಬಲ್ಲದು. ಬ್ರೇಕು ಸೆಕೆಂಡಿಗೆ 0.6 ಮೀಟರ್ ವೇಗವನ್ನು ಮಾತ್ರ ತಗ್ಗಿಸುವುದಾದರೆ ಮಟ್ಟಸ ರಸ್ತೆಯಲ್ಲಿ ನಿಲ್ಲಲು ಸುಮಾರು 20 ಮೀಟರಿಗೂ ಮೇಲೆ ಬೇಕು. 12ಕ್ಕೆ 1ರ ಇಳಿಜಾರಿನಲ್ಲಿ? ಅಲ್ಲಿ ಗುರುತ್ವ ನಮ್ಮ ವೇಗವನ್ನು ಸೆಕೆಂಡಿಗೆ 0.8 ಮೀಟರಿನಂತೆ ಏರಿಸುತ್ತಿರುತ್ತದೆ. ಬ್ರೇಕಿನ 0.6ಕ್ಕೆ ಟೈರು ಮತ್ತು ಗಾಳಿಯ ತಡೆಯನ್ನು ಸೇರಿಸಿದರೆ ಜಮಾ-ಖರ್ಚು ಸರಿಸಮವಾಗುತ್ತದೆ, ಅಷ್ಟೆ. ಎಂದರೆ ಎರಡು ಬ್ರೇಕನ್ನೂ ಬಲವಾಗಿ ಹಿಡಿದಿದ್ದರೂ ಸೈಕಲ್ಲು ನಿಲ್ಲುವುದೇ ಇಲ್ಲ. ಅದೇ ವೇಗದಲ್ಲಿ ತಿರುವಿನ ಕಡೆಗೆ ಸಾಗುತ್ತದೆ.

ಆದುದರಿಂದ ಮಳೆಯಲ್ಲಿ ಘಟ್ಟ ಇಳಿಯುವವನು ವೇಗ ಏರಿದ ಮೇಲೆ ತಗ್ಗಿಸುತ್ತೇನೆಂದು ನಂಬಬಾರದು. ಏರದಂತೆ ಮೊದಲಿನಿಂದಲೇ ತಡೆಯಬೇಕು. ಬ್ರೇಕನ್ನು ಮುಂಚಿತವಾಗಿ ಹಗುರವಾಗಿ ಮುಟ್ಟಿಸುತ್ತ ರಿಮ್ಮಿನ ನೀರನ್ನು ಒರೆಸಿಕೊಳ್ಳುತ್ತಿರಬೇಕು. ಹಿಡಿತ ಸಾಲದೆಂದು ಕಂಡರೆ ಇಳಿದು ನಡೆಯುವುದರಲ್ಲಿ ನಾಚಿಕೆಯಿಲ್ಲ. ಹೊಸ ರಿಮ್ಮು ಕೊಳ್ಳುವ ಸಂದರ್ಭ ಬಂದರೆ ಅಲ್ಯುಮಿನಿಯಂ ರಿಮ್ಮು ಒದ್ದೆಯಲ್ಲಿ ಉಕ್ಕಿಗಿಂತ ಮೇಲು. ಆದರೆ ಹಳೆಯ ಕಡ್ಡಿ ಬ್ರೇಕಿಗೆ ಅದು ಒಗ್ಗುವುದೇ ಎಂದು ಮೊದಲು ಅಂಗಡಿಯಲ್ಲಿ ವಿಚಾರಿಸಿರಿ. ಗಟ್ಟಿಯಾಗಿ ಹೊಳಪು ಬಂದ ಬ್ರೇಕ್ ರಬ್ಬರನ್ನು ಮಳೆಗಾಲಕ್ಕೆ ಮುನ್ನವೇ ಬದಲಾಯಿಸಿರಿ. ಚೈನಿಗೆ ಎಣ್ಣೆ ಬಿಡುವಾಗ ಒಂದು ಹನಿಯೂ ರಿಮ್ಮಿಗೆ ತಾಗದಿರಲಿ.

ಹಣವಿದ್ದಾಗ ಕೊಳ್ಳಬೇಕಾದ ಕ್ರಮವೂ ಈ ಲೆಕ್ಕದಿಂದಲೇ ತಿಳಿಯುತ್ತದೆ: ಮೊದಲು ಬ್ರೇಕ್ ರಬ್ಬರು, ಆಮೇಲೆ ಒಳ್ಳೆಯ ಟೈರು ಟ್ಯೂಬು, ಅನಂತರ ಚೈನು, ಕೊನೆಗೆ ನಮ್ಮ ದಾರಿಗೆ ಹೊಂದುವ ಫ್ರೀವೀಲು. ವಾರಕ್ಕೊಮ್ಮೆ ಗಾಳಿ, ತಿಂಗಳಿಗೊಮ್ಮೆ ಚೈನಿನ ಎಣ್ಣೆ, ಪ್ರತಿದಿನ ಮನೆ ಬಿಡುವ ಮುನ್ನ ಎರಡೂ ಬ್ರೇಕುಗಳನ್ನು ಒಮ್ಮೆ ಹಿಡಿದು ನೋಡುವುದು – ಇಷ್ಟೇ ನಿತ್ಯವಿಧಿ.

ನನ್ನ ವಿದ್ಯಾರ್ಥಿ ಸೈಕಲ್ಲನ್ನು ಮಾರಲಿಲ್ಲ. ವಾಲ್ವಿನ ರಬ್ಬರನ್ನು ಬದಲಾಯಿಸಿದ, ಟೈರಿಗೆ ಗಾಳಿ ಹೊಡೆಸಿದ, ಸ್ವಲ್ಪ ಮುಂಚಿತವಾಗಿ ಮನೆ ಬಿಡತೊಡಗಿದ. ಮುಂದಿನ ವಾರ ಅಡಿಕೋಲು ಹಿಡಿದು ಚೈನನ್ನು ಅಳೆಯುತ್ತ ಕುಳಿತಿದ್ದವನ ಸುತ್ತ ನಾಲ್ಕಾರು ಗೆಳೆಯರು ತಮ್ಮ ತಮ್ಮ ಸೈಕಲ್ಲುಗಳೊಡನೆ ನೆರೆದಿದ್ದರು.