ಮೀನಿಗೆ ಮೊದಲು ನೀರು: ಹೊಸ ತೊಟ್ಟಿಯನ್ನು ಹದಗೊಳಿಸಲು ಅಮೋನಿಯದ ಕೆಲವು ಅಪರೂಪ ಮೂಲಗಳು

ವಿದ್ಯಾಲಯದ ಪ್ರಯೋಗಾಲಯದಲ್ಲಿ, ಇಲ್ಲವೆ ಪ್ರವೇಶದ್ವಾರದ ಪಡಸಾಲೆಯಲ್ಲಿ ಗಾಜಿನ ಮೀನುತೊಟ್ಟಿಯೊಂದನ್ನು ಇರಿಸುವುದು ಅನೇಕ ಕಡೆ ಕಂಡುಬರುವ ಸಂಗತಿ. ದಾನಿಗಳ ಔದಾರ್ಯದಿಂದ ಬಂದ ತೊಟ್ಟಿಗೆ ಬೆಳಿಗ್ಗೆ ನೀರು ತುಂಬಿ, ಸಂಜೆಯ ಸಮಾರಂಭದ ವೇಳೆಗೆ ಬಣ್ಣದ ಮೀನುಗಳನ್ನು ಬಿಡುವುದೂ ರೂಢಿ. ಮೊದಲ ನಾಲ್ಕಾರು ದಿನ ಎಲ್ಲವೂ ಕಣ್ಣಿಗೆ ಹಬ್ಬವಾಗಿರುತ್ತದೆ. ಅನಂತರ ಒಂದೊಂದೇ ಮೀನು ಮೇಲಕ್ಕೆ ಬಂದು ಬಾಯಿ ಬಿಡತೊಡಗುತ್ತದೆ. ಎರಡು ಮೂರು ವಾರಗಳಲ್ಲಿ ತೊಟ್ಟಿ ಬರಿದಾಗುವುದೂ ಉಂಟು. ನೀರು ತಿಳಿಯಾಗಿಯೇ ಇರುವುದರಿಂದ ಸಾವಿನ ಕಾರಣ ಹೊಳೆಯುವುದಿಲ್ಲ. ಮೀನು ಮಾರಿದವನನ್ನೋ ಮಕ್ಕಳು ಹಾಕಿದ ಆಹಾರವನ್ನೋ ದೂರಿ, ಹೊಸ ಮೀನು ತಂದು ಬಿಡಲಾಗುತ್ತದೆ. ಈ ಸಾವನ್ನು ತಪ್ಪಿಸುವ ಮಾರ್ಗ ಸರಳವಾಗಿದೆ. ಅದಕ್ಕೆ ಬೇಕಾದ ಮುಖ್ಯ ಸಾಮಗ್ರಿ ಬಹುಪಾಲು ಶಾಲೆಗಳ ರಸಾಯನಶಾಸ್ತ್ರದ ಕಪಾಟಿನಲ್ಲಿಯೇ ಇದೆ.

ಸಾವಿನ ಕಾರಣ

ಮೀನು ತನ್ನ ದೇಹದ ಸಾರಜನಕದ ತ್ಯಾಜ್ಯವನ್ನು ಹೆಚ್ಚಾಗಿ ಕಿವಿರುಗಳ ಮೂಲಕ ಅಮೋನಿಯದ ರೂಪದಲ್ಲಿ ಹೊರಹಾಕುತ್ತದೆ. ಉಳಿದ ಆಹಾರ ಕೊಳೆತಾಗಲೂ ಅಮೋನಿಯವೇ ಹುಟ್ಟುತ್ತದೆ. ನೀರಿನಲ್ಲಿ ಇದು ಎರಡು ರೂಪಗಳಲ್ಲಿರುತ್ತದೆ: ಹೆಚ್ಚು ಅಪಾಯವಿಲ್ಲದ ಅಮೋನಿಯಂ ಅಯಾನು ಒಂದು, ವಿಷಕಾರಿಯಾದ ಮುಕ್ತ ಅಮೋನಿಯ ಇನ್ನೊಂದು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನೀರಿನ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದಲ್ಲಿ ಶೇಕಡ 0.6ರಷ್ಟು ಮಾತ್ರ ಮುಕ್ತರೂಪದಲ್ಲಿರುತ್ತದೆ. ಪಿಎಚ್ 8ಕ್ಕೆ ಏರಿದರೆ ಅದು ಶೇಕಡ 5ನ್ನು ಮೀರುತ್ತದೆ. ಆದುದರಿಂದ ಗಡಸು ನೀರಿನ ಕೊಳವೆ ಬಾವಿಗಳನ್ನು ನೆಚ್ಚಿದ ಬಯಲುಸೀಮೆಯ ಊರುಗಳಲ್ಲಿ ಅಪಾಯ ಹೆಚ್ಚು.

ಹಳೆಯ ತೊಟ್ಟಿಯಲ್ಲಿ ಈ ವಿಷ ನಿಲ್ಲುವುದಿಲ್ಲ. ಶೋಧಕದ ಸ್ಪಂಜು, ಮರಳು, ಗಾಜಿನ ಗೋಡೆಗಳಿಗೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಅಮೋನಿಯವನ್ನು ಮೊದಲು ನೈಟ್ರೈಟ್ ಆಗಿಯೂ ಅನಂತರ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ನಡುವಣ ನೈಟ್ರೈಟ್ ಕೂಡ ವಿಷವೇ. ಅದು ಮೀನಿನ ರಕ್ತ ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕುಂದಿಸುತ್ತದೆ. ಕೊನೆಯ ನೈಟ್ರೇಟ್ ಮಿತಪ್ರಮಾಣದಲ್ಲಿ ನಿರಪಾಯಕರ. ಹೊಸ ತೊಟ್ಟಿಯಲ್ಲಿ ಕೊರತೆಯಿರುವುದು ಈ ಜೀವಿಗಳದ್ದು. ಅವು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ.

ಕಾಯುವುದರ ಇತಿಹಾಸ

ಈ ಮಾರ್ಪಾಡು ಜೀವಿಗಳ ಕೆಲಸವೆಂಬುದನ್ನು 1877ರಲ್ಲಿ ಫ್ರಾನ್ಸಿನ ಷ್ಲೋಸಿಂಗ್ ಮತ್ತು ಮ್ಯುಂಟ್ಸ್ ತೋರಿಸಿದರು. ಮರಳು ಮತ್ತು ಸುಣ್ಣಕಲ್ಲು ತುಂಬಿದ ಕೊಳವೆಯ ಮೂಲಕ ಅವರು ಚರಂಡಿಯ ನೀರನ್ನು ನಿಧಾನವಾಗಿ ಇಳಿಯಬಿಟ್ಟರು. ಸುಮಾರು 20 ದಿನಗಳವರೆಗೆ ಅಮೋನಿಯದಲ್ಲಿ ಬದಲಾವಣೆ ಕಾಣಲಿಲ್ಲ. ಆಮೇಲೆ ಅದು ಮರೆಯಾಗಿ ನೈಟ್ರೇಟ್ ಕಾಣಿಸಿತು. ಕ್ಲೋರೋಫಾರಂ ಆವಿಯನ್ನು ಹಾಯಿಸಿದಾಗ ಕ್ರಿಯೆ ನಿಂತುಹೋಯಿತು. ಬರಿಯ ರಾಸಾಯನಿಕ ಕ್ರಿಯೆಯಾಗಿದ್ದರೆ ಅದು ಆರಂಭಕ್ಕೆ ಅಷ್ಟು ದಿನ ಕಾಯುವ ಕಾರಣವೂ ಇರಲಿಲ್ಲ, ಕ್ಲೋರೋಫಾರಮಿಗೆ ಅಂಜುವ ಕಾರಣವೂ ಇರಲಿಲ್ಲ. 1890ರಲ್ಲಿ ರಷ್ಯದ ವಿನೊಗ್ರಾಡ್‌ಸ್ಕಿ ಈ ಜೀವಿಗಳನ್ನು ಬೇರ್ಪಡಿಸಿದನು. ಸಿಹಿನೀರಿನ ಮೀನುತೊಟ್ಟಿಗಳಲ್ಲಿ ನೈಟ್ರೈಟನ್ನು ಮಾರ್ಪಡಿಸುವುದು ಮುಖ್ಯವಾಗಿ ನೈಟ್ರೊಸ್ಪೈರ ಎಂಬ ಕುಲವೆಂದು 1998ರಲ್ಲಿ ತಿಳಿದುಬಂತು. ಇದೇ ಕುಲದ ಕೆಲವು ಜೀವಿಗಳು ಎರಡೂ ಹಂತಗಳನ್ನು ಒಂಟಿಯಾಗಿ ಪೂರೈಸಬಲ್ಲವೆಂಬುದು 2015ರಲ್ಲಿ ಬೆಳಕಿಗೆ ಬಂತು.

ಹಿಂದೆ ಹವ್ಯಾಸಿಗಳು ಎರಡು ಮೂರು ಗಟ್ಟಿ ಮೀನುಗಳನ್ನು ಬಿಟ್ಟು, ಅವುಗಳ ತ್ಯಾಜ್ಯದಿಂದಲೇ ಈ ಜೀವಿಗಳನ್ನು ಬೆಳೆಸುತ್ತಿದ್ದರು. ಬದುಕಿದರೆ ಬದುಕಿದವು, ಸತ್ತರೆ ಸತ್ತವು. ಮಕ್ಕಳ ಕಣ್ಣೆದುರು ಹೀಗೆ ಮಾಡುವುದು ಯಾವ ಶಾಲೆಗೂ ಭೂಷಣವಲ್ಲ. ಸೂಕ್ಷ್ಮಜೀವಿಗಳಿಗೆ ಬೇಕಾದುದು ಅಮೋನಿಯವೇ ಹೊರತು ಮೀನಲ್ಲ; ಅದನ್ನು ಬೇರೆಡೆಯಿಂದ ಒದಗಿಸಿದರಾಯಿತು.

ಮೂಲಗಳ ಪರಿಶೀಲನೆ

ಪಾಶ್ಚಾತ್ಯ ದೇಶಗಳಲ್ಲಿ ಗೃಹಬಳಕೆಯ ಅಮೋನಿಯ ದ್ರಾವಣವನ್ನು ಇದಕ್ಕೆ ಉಪಯೋಗಿಸುವುದು ವಾಡಿಕೆ. ಅಂಥ ದ್ರಾವಣದಲ್ಲಿ ಮಾರ್ಜಕವಾಗಲಿ ಸುಗಂಧವಾಗಲಿ ಬೆರೆತಿರಬಾರದು. ಸೀಸೆಯನ್ನು ಕುಲುಕಿದಾಗ ನೊರೆ ನಿಂತರೆ ಅದನ್ನು ತ್ಯಜಿಸಬೇಕು. ಬ್ಲೀಚಿಂಗ್ ಪುಡಿಯೊಡನೆ ಅದನ್ನು ಎಂದಿಗೂ ಸೇರಿಸಬಾರದು, ವಿಷಾನಿಲ ಏಳುತ್ತದೆ. ಇದಕ್ಕೆ ಬದಲಾಗಿ ಒದಗುವ ಮೂಲಗಳು ಹಲವು.

ಮೊದಲನೆಯದು ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್. ಕಲಾಯಿ ಹಾಕುವವರು ಬಿಸಿ ಪಾತ್ರೆಯ ಮೇಲೆ ಉದುರಿಸಿದಾಗ ದಟ್ಟವಾದ ಬಿಳಿ ಹೊಗೆ ಏಳುವುದನ್ನು ಹಿರಿಯರು ಕಂಡಿರುತ್ತಾರೆ. ಲೆಕ್ಲಾಂಷೆ ವಿದ್ಯುತ್ಕೋಶಕ್ಕಾಗಿ ಶಾಲೆಗಳು ಇಟ್ಟುಕೊಳ್ಳುವ ಲವಣವೂ ಇದೇ. ಕಲಾಯಿ ಕೆಲಸದ ನವಸಾಗರದಲ್ಲಿ ಲೋಹದ ಕಲ್ಮಶಗಳಿರುವ ಸಂಭವವುಂಟು. ಪ್ರಯೋಗಾಲಯದ ಶುದ್ಧ ಲವಣವೇ ಯೋಗ್ಯ. ಇದು ಕೆಡುವುದಿಲ್ಲ, ನಿಖರವಾಗಿ ತೂಗಬಹುದು, ವಾಸನೆಯೂ ಇಲ್ಲ.

ಎರಡನೆಯದು ಅಮೋನಿಯಂ ಬೈಕಾರ್ಬೊನೇಟ್. ಬೇಕರಿಗಳಲ್ಲಿ ಬಿಸ್ಕತ್ತು ಅರಳಲು ಇದನ್ನು ಬೆರೆಸುವುದುಂಟು. ಆಹಾರಕ್ಕೆ ಯೋಗ್ಯವಾದ ಶುದ್ಧತೆ ಇದರ ಗುಣ. ತೆರೆದಿಟ್ಟರೆ ಆವಿಯಾಗಿ ಹಾರಿಹೋಗುವುದು ದೋಷ. ಹಳೆಯ ಪೊಟ್ಟಣದ ತೂಕವನ್ನು ನಂಬುವಂತಿಲ್ಲ.

ಮೂರನೆಯದು ಯೂರಿಯಾ. ಇದು ನೇರವಾಗಿ ಅಮೋನಿಯವಲ್ಲ. ಯೂರಿಯೇಸ್ ಎಂಬ ಕಿಣ್ವವುಳ್ಳ ಜೀವಿಗಳು ಅದನ್ನು ಒಡೆದ ಮೇಲಷ್ಟೇ ಅಮೋನಿಯ ದೊರೆಯುತ್ತದೆ. ಅಲ್ಲಿಯವರೆಗೆ ಅಮೋನಿಯದ ಪರೀಕ್ಷೆಯಲ್ಲಿ ಏನೂ ಕಾಣದೆ, ಸಾಲದೆಂದು ಮತ್ತೆ ಮತ್ತೆ ಸುರಿಯುವ ತಪ್ಪಿಗೆ ಅವಕಾಶವಿದೆ. ಗೊಬ್ಬರದ ಯೂರಿಯಾದಲ್ಲಿ ಇನ್ನೊಂದು ತೊಡಕೂ ಇದೆ. ದೇಶದಲ್ಲಿ ತಯಾರಾಗುವ ಕೃಷಿ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪನ 2015ರಲ್ಲಿ ಕಡ್ಡಾಯವಾಯಿತು. ಅಮೋನಿಯ ನೈಟ್ರೇಟಾಗುವ ವೇಗವನ್ನು ತಗ್ಗಿಸಿ ಗೊಬ್ಬರವನ್ನು ಮಣ್ಣಿನಲ್ಲಿ ಹೆಚ್ಚು ಕಾಲ ಉಳಿಸುವುದು ಆ ಲೇಪನದ ಒಂದು ಮುಖ್ಯ ಉದ್ದೇಶ. ಹೊಲಕ್ಕೆ ವರವಾದ ಈ ಗುಣ ತೊಟ್ಟಿಗೆ ಅಡ್ಡಿಯಾಗುತ್ತದೆ. ಯಾವ ಜೀವಿಗಳನ್ನು ಬೆಳೆಸಬೇಕೋ ಅವನ್ನೇ ಬೇವು ತಡೆಯುತ್ತದೆ. ಪ್ರಯೋಗಾಲಯದ ಲೇಪನರಹಿತ ಯೂರಿಯಾಕ್ಕೆ ಈ ದೋಷವಿಲ್ಲ. ಅದರ ದ್ರಾವಣಕ್ಕೆ ಹಸಿ ಹುರಳಿಯ ಹಿಟ್ಟನ್ನು ಕಲಸಿಟ್ಟರೆ ಹುರಳಿಯ ಯೂರಿಯೇಸಿನಿಂದ ಅಮೋನಿಯ ಬಿಡುಗಡೆಯಾಗಿ ಕೆಂಪು ಲಿಟ್ಮಸ್ ನೀಲಿಯಾಗುತ್ತದೆ. ಇದನ್ನು ಪರೀಕ್ಷಾನಳಿಕೆಯಲ್ಲಿಯೇ ತೋರಿಸುವುದು ಲೇಸು, ತೊಟ್ಟಿಯಲ್ಲಲ್ಲ.

ನಾಲ್ಕನೆಯದು ಕೊಳೆಯುವ ಪದಾರ್ಥಗಳು. ಹಸಿ ಸೀಗಡಿಯನ್ನು ತೊಟ್ಟಿಯಲ್ಲಿ ಕೊಳೆಯಲು ಬಿಡುವ ಪದ್ಧತಿ ಹವ್ಯಾಸಿಗಳಲ್ಲಿ ಇದೆ; ಸಸ್ಯಾಹಾರದ ಆವರಣಗಳಿಗೆ ಅದು ಹೊಂದುವುದಿಲ್ಲ, ದುರ್ನಾತವೂ ಸಹಿಸಲಸಾಧ್ಯ. ಮೀನಿನ ಆಹಾರದ ಪುಡಿ ಅದಕ್ಕಿಂತ ಮೇಲು. ಸಸಾರಜನಕದಲ್ಲಿ ಶೇಕಡ 16ರಷ್ಟು ಸಾರಜನಕವಿರುವುದರಿಂದ, ಶೇಕಡ 40 ಸಸಾರಜನಕವುಳ್ಳ ಒಂದು ಗ್ರಾಂ ಆಹಾರದಿಂದ ಹೆಚ್ಚೆಂದರೆ 64 ಮಿಲಿಗ್ರಾಂ ಸಾರಜನಕ ದೊರಕೀತು. ಎಷ್ಟು ದಿನಗಳಲ್ಲಿ ದೊರಕೀತೆಂಬುದನ್ನು ಮಾತ್ರ ಮುಂಚಿತವಾಗಿ ಹೇಳಲಾಗದು, ಬೂಷ್ಟೂ ಬರುತ್ತದೆ.

ಐದನೆಯದು ಮೂತ್ರ. ಮನುಷ್ಯನದಾಗಲಿ ಹಸುವಿನದಾಗಲಿ, ಅದರಲ್ಲಿ ಯೂರಿಯಾ ಇರುವುದರಿಂದ ತತ್ತ್ವತಃ ಕೆಲಸ ನಡೆಯುತ್ತದೆ. ಆದರೆ ಯೂರಿಯಾದ ಪ್ರಮಾಣ ದಿನದಿನಕ್ಕೆ ಬೇರೆ. ಲವಣಗಳೂ ಔಷಧಗಳ ಶೇಷವೂ ಜೊತೆಗೆ ಬರಬಹುದು. ಶಾಲೆಗೆ ಇದು ಸಲ್ಲದು.

ಮೂಲ ಅಗ್ಗವೋ ದುಬಾರಿಯೋ ಎಂಬುದಕ್ಕಿಂತ, ಅದನ್ನು ಅಳೆಯಬಹುದೇ, ಅದರಲ್ಲಿ ಬೇಡವಾದುದು ಬೆರೆತಿಲ್ಲವೇ ಎಂಬ ಎರಡು ಪ್ರಶ್ನೆಗಳೇ ಮುಖ್ಯ. ಎರಡಕ್ಕೂ ತೃಪ್ತಿಕರ ಉತ್ತರ ಕೊಡುವುದು ಶುದ್ಧ ನವಸಾಗರ.

ಅಳತೆ ಮತ್ತು ವಿಧಾನ

ಲೀಟರ್ ನೀರಿಗೆ 2 ಮಿಲಿಗ್ರಾಂ ಅಮೋನಿಯ-ಸಾರಜನಕ ಸಾಕು. ಇದನ್ನು ಬಹಳ ಮೀರಿದರೆ ಬೆಳೆಯಬೇಕಾದ ಜೀವಿಗಳಿಗೇ ತಡೆಯಾಗುತ್ತದೆ. ಅಮೋನಿಯಂ ಕ್ಲೋರೈಡಿನ ಅಣುತೂಕ 53.5, ಅದರಲ್ಲಿ ಸಾರಜನಕ 14. ಈ ಲೆಕ್ಕದಂತೆ 100 ಲೀಟರ್ ತೊಟ್ಟಿಗೆ 0.76 ಗ್ರಾಂ ಲವಣ ಬೇಕಾಗುತ್ತದೆ. ಅಷ್ಟು ಸಣ್ಣ ತೂಕ ಕಷ್ಟವಾದ್ದರಿಂದ 7.6 ಗ್ರಾಂ ಲವಣವನ್ನು ಕರಗಿಸಿ ಒಂದು ಲೀಟರ್ ದ್ರಾವಣ ಮಾಡಿಟ್ಟುಕೊಳ್ಳುವುದು ಅನುಕೂಲ. ಪ್ರತಿ ಲೀಟರ್ ತೊಟ್ಟಿನೀರಿಗೆ ಇದರ ಒಂದು ಮಿಲಿಲೀಟರ್ ಒಂದು ಪ್ರಮಾಣ. ಬೈಕಾರ್ಬೊನೇಟ್ ಆದರೆ 7.6ಕ್ಕೆ ಬದಲು 11.3 ಗ್ರಾಂ, ಯೂರಿಯಾ ಆದರೆ 4.3 ಗ್ರಾಂ ಬೇಕು.

ನಗರಸಭೆಯ ನೀರಿನಲ್ಲಿ ಕ್ಲೋರಿನ್ ಇದ್ದರೆ ಒಂದು ದಿನ ಗಾಳಿಯಾಡಿಸಿ ಅದನ್ನು ಹೋಗಲಾಡಿಸಬೇಕು. ಶೋಧಕ ಹಗಲಿರುಳು ನಡೆಯುತ್ತಿರಬೇಕು. ಒಂದು ಗ್ರಾಂ ಅಮೋನಿಯ-ಸಾರಜನಕ ನೈಟ್ರೇಟಾಗಲು ಸುಮಾರು 4.6 ಗ್ರಾಂ ಆಮ್ಲಜನಕ ವೆಚ್ಚವಾಗುತ್ತದೆ. ಕ್ರಿಯೆಯಲ್ಲಿ ನೀರಿನ ಕ್ಷಾರತೆಯೂ ಸವೆಯುವುದರಿಂದ, ಮೃದುನೀರಿನ ಮಲೆನಾಡಿನಲ್ಲಿ ಪಿಎಚ್ ಕುಸಿದರೆ ಚಿಟಿಕೆ ಅಡಿಗೆ ಸೋಡ ಸೇರಿಸಬೇಕು. ರೋಗವಿಲ್ಲದ ಹಳೆಯ ತೊಟ್ಟಿಯ ಸ್ಪಂಜಿನ ತುಂಡೊಂದು ದೊರೆತರೆ ಅವಧಿ ಬಹಳ ಕಡಿಮೆಯಾಗುತ್ತದೆ.

ಮೊದಲ ಪ್ರಮಾಣದ ಅನಂತರ ದಿನ ಬಿಟ್ಟು ದಿನ ಅಮೋನಿಯ ಮತ್ತು ನೈಟ್ರೈಟುಗಳನ್ನು ಪರೀಕ್ಷಿಸಿ ಬರೆದಿಡಬೇಕು. ಮಾರುಕಟ್ಟೆಯ ಪರೀಕ್ಷಾ ಪೆಟ್ಟಿಗೆ ಇದಕ್ಕೆ ಸಾಕು. ನೆಸ್ಲರ್ ಕಾರಕದಲ್ಲಿ ಪಾದರಸವಿರುವುದರಿಂದ ಅದನ್ನು ಅಧ್ಯಾಪಕರೇ ಬಳಸಬೇಕು, ಚರಂಡಿಗೆ ಚೆಲ್ಲಬಾರದು. ಅಮೋನಿಯ ಇಳಿದಾಗಲೆಲ್ಲ ಮತ್ತೆ ಒಂದು ಪ್ರಮಾಣ ಕೊಡಬೇಕು. ನೈಟ್ರೈಟ್ 5 ಮಿಲಿಗ್ರಾಂ ಮೀರಿದರೆ ಅದು ಇಳಿಯುವವರೆಗೆ ನಿಲ್ಲಿಸಬೇಕು. ಕೊಟ್ಟ ಪೂರ್ಣ ಪ್ರಮಾಣ 24 ಗಂಟೆಗಳಲ್ಲಿ ಕರಗಿ, ಅಮೋನಿಯ, ನೈಟ್ರೈಟ್ ಎರಡೂ ಶೂನ್ಯಕ್ಕೆ ಬಂದಾಗ ತೊಟ್ಟಿ ಹದವಾಯಿತೆಂದು ತಿಳಿಯಬೇಕು. ಆಗ ಬಹುಪಾಲು ನೀರನ್ನು ಬದಲಾಯಿಸಿ ಮೀನುಗಳನ್ನು ಬಿಡಬಹುದು. ಬಿಡುವ ದಿನದವರೆಗೂ ಅಮೋನಿಯವನ್ನು ಒದಗಿಸುತ್ತಿರಬೇಕು. ಇಲ್ಲವಾದರೆ ಬೆಳೆಸಿದ ಜೀವಿಗಳು ಉಪವಾಸ ಬೀಳುತ್ತವೆ.

ಶಾಲೆಗೆ ಇದರ ಪ್ರಯೋಜನ

ಈ ಆರು ವಾರಗಳಲ್ಲಿ ತೊಟ್ಟಿ ಬರಿದಾಗಿ ಕಾಣುತ್ತದೆಯೇ ಹೊರತು ವ್ಯರ್ಥವಾಗಿರುವುದಿಲ್ಲ. ವಿದ್ಯಾರ್ಥಿಗಳು ಅಂಕಿಗಳನ್ನು ನಕ್ಷೆಯ ಹಾಳೆಯಲ್ಲಿ ಗುರುತಿಸುತ್ತ ಹೋದರೆ ಅಮೋನಿಯದ ಗೆರೆ ಇಳಿಯುವುದೂ, ನೈಟ್ರೈಟಿನ ಗೆರೆ ಏರಿ ಇಳಿಯುವುದೂ, ನೈಟ್ರೇಟಿನ ಗೆರೆ ಮೇಲೇರುವುದೂ ಕಣ್ಣಿಗೆ ಕಾಣುತ್ತದೆ. ಪಠ್ಯಪುಸ್ತಕದ ಸಾರಜನಕ ಚಕ್ರ ಹೀಗೆ ಅವರ ಕೈಬರಹದಲ್ಲಿಯೇ ಮೂಡುತ್ತದೆ. ತೊಟ್ಟಿಯನ್ನು ಕೊಡುವ ದಾನಿಗಳು ಉದ್ಘಾಟನೆಯ ದಿನವನ್ನು ಆರು ವಾರ ಮುಂದಕ್ಕೆ ಹಾಕಲು ಒಪ್ಪಿದರೆ, ಅದರೊಡನೆ ಒಂದು ಪರೀಕ್ಷಾ ಪೆಟ್ಟಿಗೆಯನ್ನೂ ಕೊಟ್ಟರೆ, ಅವರ ಕೊಡುಗೆ ಮಕ್ಕಳಿಗೆ ಪಾಠವಾಗುತ್ತದೆ, ಮೀನುಗಳಿಗೆ ಮನೆಯಾಗುತ್ತದೆ.